ಮೇಜು ಉಟ್ಟು ಹೊರಟವಳು

ಫ್ಯಾಷನ್ ವೀಕ್‌ನ ಚಿತ್ರ ನೋಡಿ ಬ್ಲೌಸಿನ ಕುತ್ತಿಗೆ ಕತ್ತರಿಸುವ ಚಟ ನನಗಿಲ್ಲ. ಸಾಗರದಲ್ಲಿ ನನ್ನದು ಹೊಲಿಗೆ ಅಂಗಡಿ. ಮದುವೆಯ ಸುಗ್ಗಿ ಮುಗಿದ ಮೇಲೆ ಇಲ್ಲಿನ ಹವ್ಯಾಸಿ ತಂಡದ ನಾಟಕಗಳಿಗೆ ಉಡುಪು ಮಾಡಿಕೊಡುತ್ತೇನೆ. ರ‍್ಯಾಂಪಿನ ಮೇಲೆ ನಡೆಯುವ ಬಟ್ಟೆಗಳಲ್ಲಿ ಹತ್ತಕ್ಕೆ ಒಂಬತ್ತು ಈ ಎರಡೂ ಕೆಲಸಕ್ಕೆ ಬಾರವು. ಆದರೆ ಒಂದು ಪ್ರದರ್ಶನದ ವಿಡಿಯೊ ಮಾತ್ರ ನನ್ನ ಮೊಬೈಲಿನಲ್ಲಿ ಸದಾ ಇರುತ್ತದೆ. ಅದು 2000ದ ಫೆಬ್ರವರಿಯಲ್ಲಿ, ಲಂಡನ್ ಫ್ಯಾಷನ್ ವೀಕ್‌ನಲ್ಲಿ ವಸ್ತ್ರವಿನ್ಯಾಸಕ ಹುಸೇನ್ ಚಲಯನ್ ತೋರಿಸಿದ ‘ಆಫ್ಟರ್‌ವರ್ಡ್ಸ್’ ಎಂಬ ಸಂಗ್ರಹ.

ಅದು ನಡೆದದ್ದು ಸ್ಯಾಡ್ಲರ್ಸ್ ವೆಲ್ಸ್ ಎಂಬ ರಂಗಮಂದಿರದಲ್ಲಿ. ಉದ್ದನೆಯ ರ‍್ಯಾಂಪ್ ಇರಲಿಲ್ಲ. ರಂಗದ ಮೇಲೆ ಬಿಳಿ ಗೋಡೆಯ ಒಂದು ಬರಿದಾದ ಕೋಣೆ. ಬೂದು ಬಣ್ಣದ ಗವಸು ಹಾಕಿದ ನಾಲ್ಕು ಕುರ್ಚಿ, ನಡುವೆ ಗುಂಡಗಿನ ಮರದ ಟೀಪಾಯಿ, ಒಂದು ಟಿವಿ, ಶೋಕೇಸಿನಂಥ ಕಪಾಟಿನಲ್ಲಿ ಕೆಲವು ಸಾಮಾನು. ಮೊದಲು ಒಂದು ಕುಟುಂಬ ಬಂದು ಆ ಕುರ್ಚಿಗಳ ಮೇಲೆ ಕೂರುತ್ತದೆ. ಆಮೇಲೆ ರೂಪದರ್ಶಿಗಳು ಬಂದು ಹೋಗುತ್ತಾರೆ. ಕಪಾಟಿನ ಸಾಮಾನುಗಳು ಒಂದೊಂದಾಗಿ ಅವರ ಉಡುಪಿನ ಜೇಬು ಸೇರುತ್ತವೆ. ಬಲ್ಗೇರಿಯಾದ ಹೆಂಗಸರ ಗುಂಪೊಂದು ಹಾಡುತ್ತಿರುತ್ತದೆ. ಕೊನೆಗೆ ಒಳಲಂಗದಂಥ ಸಾದಾ ಅಂಗಿಯಲ್ಲಿ ನಾಲ್ವರು ಬಂದು ಕುರ್ಚಿಗಳ ಗವಸು ಕಳಚುತ್ತಾರೆ, ಅದನ್ನೇ ಉಡುಪಾಗಿ ತೊಡುತ್ತಾರೆ. ಬೆತ್ತಲಾದ ಕುರ್ಚಿಗಳು ಮಡಚಿಕೊಂಡು ಸೂಟ್‌ಕೇಸ್ ಆಗುತ್ತವೆ. ಇನ್ನೊಬ್ಬಳು ಟೀಪಾಯಿಯ ನಡುವಿನ ಬಿಲ್ಲೆಯನ್ನು ತೆಗೆದು, ಆ ತೂತಿನೊಳಗೆ ಕಾಲಿಟ್ಟು ಮೇಲೆತ್ತುತ್ತಾಳೆ. ಮರದ ಬಳೆಗಳು ಒಂದರಿಂದೊಂದು ಇಳಿಬಿದ್ದು ಮೆಟ್ಟಿಲು ಮೆಟ್ಟಿಲಾದ ಲಂಗವಾಗುತ್ತದೆ. ಅದನ್ನು ಸೊಂಟಕ್ಕೆ ಸಿಗಿಸಿಕೊಂಡು ಅವಳು ನಿಲ್ಲುತ್ತಾಳೆ. ಕೋಣೆ ಖಾಲಿ.

ಚಲಯನ್ ಹುಟ್ಟಿದ್ದು 1970ರಲ್ಲಿ, ಸೈಪ್ರಸ್‌ನ ನಿಕೋಸಿಯಾದಲ್ಲಿ, ತುರ್ಕಿ ಮೂಲದ ಮನೆತನದಲ್ಲಿ. ಆ ದ್ವೀಪದಲ್ಲಿ ಮನೆ ಬಿಟ್ಟು ಓಡಬೇಕಾದವರ ಕಥೆ ಅವರ ಮನೆಯೊಳಗಿನದೇ. ಪ್ರದರ್ಶನದ ಹಿಂದಿನ ವರ್ಷಗಳಲ್ಲಿ ಯುದ್ಧಪೀಡಿತ ಕೊಸೊವೊದಿಂದ ಗಂಟುಮೂಟೆ ಹೊತ್ತು ಹೊರಟವರನ್ನೂ ಜಗತ್ತು ಟಿವಿಯಲ್ಲಿ ನೋಡಿತ್ತು. ಹೊರಡಲೇಬೇಕಾದಾಗ ಮನೆಯನ್ನೇ ಮೈಮೇಲೆ ಹಾಕಿಕೊಂಡು ಹೊರಟರೆ ಹೇಗಿರುತ್ತದೆ ಎಂದು ಯೋಚಿಸಿದ ಬಟ್ಟೆ ಇದು.

ಶರಾವತಿ ಕಣಿವೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ನೀರಿಗೆ ಹೋದವು. ಅದಕ್ಕೂ ಮೊದಲು, 1948ರಲ್ಲಿ, ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿ ಒಂದು ಸುತ್ತು ಮುಳುಗಿಸಿಯಾಗಿತ್ತು. ಆಮೇಲೆ ಆ ಅಣೆಕಟ್ಟೆಯೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಈಗಲೂ ಬೇಸಿಗೆಯಲ್ಲಿ ನೀರು ಇಳಿದರೆ ಜನ ಅದನ್ನು ನೋಡಲು ಹೋಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ತಂಡ ಮುಳುಗಡೆಯ ಮೇಲೆ ನಾಟಕ ಕಟ್ಟಲು ಹೊರಟಾಗ ನಿರ್ದೇಶಕರು ನನ್ನಲ್ಲಿ ಹೇಳಿದ್ದು ಒಂದೇ ಮಾತು: “ಅಕ್ಕಾ, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು ಮಾತ್ರ ಬೇಡ.” ನಾನು ಮೊಬೈಲ್ ತೆಗೆದು ಆ ವಿಡಿಯೊ ತೋರಿಸಿದೆ.

ಟೀಪಾಯಿ ಲಂಗದ ಫೋಟೊ ಜಗತ್ತಿನಲ್ಲೆಲ್ಲ ಓಡಾಡಿದೆ. ಫೋಟೊದಲ್ಲಿ ಅದು ಒಂದು ವಿಚಿತ್ರ ಮರದ ಲಂಗ, ಅಷ್ಟೆ. ನೋಡಿದವರು ಹುಬ್ಬೇರಿಸಿ ಮುಂದೆ ಹೋಗುತ್ತಾರೆ. ಚಂದ ಇರುವುದು ಬಗ್ಗುವುದರಲ್ಲಿ, ಬಿಲ್ಲೆ ಎತ್ತಿಡುವುದರಲ್ಲಿ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಡುವುದರಲ್ಲಿ. ಹಾಗಾಗಿ ಫೋಟೊದ ಅಳತೆ ಹಿಡಿದು ಹೊಲಿಯಲು ಕೂತರೆ ಏನೂ ದಕ್ಕುವುದಿಲ್ಲ. ತೊಡುವ ಕ್ರಿಯೆಗೇ ಅಳತೆ ತೆಗೆಯಬೇಕು: ಕೈ ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಅವಳ ಮುಖ ಯಾವ ಕಡೆಗಿರುತ್ತದೆ.

ನನಗೆ ಅತ್ಯಂತ ಇಷ್ಟವಾದದ್ದು ಲಂಗವಲ್ಲ, ಕುರ್ಚಿಯ ಗವಸು. ಅದರಿಂದಲೇ ಶುರು ಮಾಡಿದೆ. ಸೂಟ್‌ಕೇಸ್ ಆಗುವ ಕುರ್ಚಿ ನಮ್ಮ ಕೈಗೆ ಎಟುಕುವಂಥದ್ದಲ್ಲ. ಶಾಮಿಯಾನದವರಿಂದ ಮಡಚುವ ಕಬ್ಬಿಣದ ಕುರ್ಚಿ ತಂದೆವು. ಅದರ ಬೆನ್ನು 17 ಇಂಚು ಅಗಲ, ದಪ್ಪವನ್ನೂ ಸೇರಿಸಿದರೆ ಗವಸಿನ ಸುತ್ತಳತೆ 37ರ ಆಸುಪಾಸು. ಎದೆ 34 ಇರುವ ಹುಡುಗಿಗೆ ಇದು ಹೇಳಿ ಮಾಡಿಸಿದ ಅಳತೆ. ಅಂದರೆ ಕುರ್ಚಿಯ ಬೆನ್ನಿಗೆ ಹಾಕಿದ ಚೀಲವೇ ರವಿಕೆಯ ಭಾಗ, ಕಾಲು ಮುಚ್ಚುವ ಸುತ್ತು ಬಟ್ಟೆಯೇ ಕೆಳಗಿನ ಘೇರು. ಕೂರುವ ಜಾಗದ ಚೌಕವನ್ನು ಏನು ಮಾಡುವುದು? ಅದನ್ನು ಹೊಟ್ಟೆಯ ಮುಂದೆ ದೊಡ್ಡದೊಂದು ಬಾಕ್ಸ್ ನೆರಿಗೆಯಾಗಿ ಮಡಚಿದೆ. ಕುರ್ಚಿಯ ಮೇಲೆ ಬಿಗಿಯಾಗಿ ಹರಡಿದ್ದ ಬಟ್ಟೆ ಮೈಮೇಲೆ ಬಂದಾಗ ನೆರಿಗೆಯಾಗಿ ಬೀಳುವುದು ನೋಡಲು ಬಲು ಸೊಗಸು.

ಭುಜವೇ ಕಷ್ಟ. ಕುರ್ಚಿಯ ಭುಜ ಚೌಕ, ಮನುಷ್ಯರದು ಇಳಿಜಾರು. ಚೌಕವಾಗಿಯೇ ಬಿಟ್ಟರೆ ತೊಟ್ಟವಳು ರಟ್ಟಿನ ಪೆಟ್ಟಿಗೆಯೊಳಗಿಂದ ತಲೆ ಹೊರಹಾಕಿದಂತೆ ಕಾಣುತ್ತಾಳೆ. ಇಳಿಜಾರಾಗಿ ಕತ್ತರಿಸಿದರೆ ಕುರ್ಚಿಯ ಮೂಲೆ ಹೊರಗೆ ಇಣುಕುತ್ತದೆ. ಆದ್ದರಿಂದ ಎರಡೂ ಮೂಲೆಗಳಲ್ಲಿ ಒಂದೂವರೆ ಇಂಚಿನ ತ್ರಿಕೋನವನ್ನು ಒಳಕ್ಕೆ ಮಡಚುವಂತೆ ಮಾಡಿ ಟಿಚ್ ಬಟನ್ ಇಟ್ಟೆ. ಗವಸು ಕಳಚುವಾಗ ಹೆಬ್ಬೆರಳಿನಿಂದ ಒಂದು ಸಲ ಒತ್ತಿದರೆ ಚೌಕ ಭುಜವಾಗುತ್ತದೆ. ಕುತ್ತಿಗೆ ಬಾಯಿ ಮೇಲಿನ ಹೊಲಿಗೆಯಲ್ಲಿ, ತೋಳಿನ ಬಾಯಿ ಪಕ್ಕದ ಹೊಲಿಗೆಯಲ್ಲಿ; ಎರಡಕ್ಕೂ ಮೇಲೊಂದು ಪಟ್ಟಿ ಮುಚ್ಚಿಕೊಂಡಿರುತ್ತದೆ. ಇಲ್ಲೆಲ್ಲ ವೆಲ್ಕ್ರೊ ಹಾಕಿದರೆ ಸುಲಭ ಎಂದು ಹುಡುಗಿಯರು ಹೇಳಿದರು. ವೆಲ್ಕ್ರೊ ಕಿತ್ತರೆ ಬರುವ ಪರ‍್ರ್ ಶಬ್ದ ಕೊನೆಯ ಸಾಲಿಗೂ ಕೇಳುತ್ತದೆ. ಮನೆ ಬಿಡುವ ಹೆಂಗಸಿನ ಬೆನ್ನ ಹಿಂದೆ ಆ ಸದ್ದು ಬೇಡವೇ ಬೇಡ.

ಬಟ್ಟೆ ದಪ್ಪನೆಯ ಕೈಮಗ್ಗದ್ದು. ಮೂಲದಲ್ಲಿ ಬೂದು ಬಣ್ಣ, ನಮಗೂ ಬೂದು ಬಣ್ಣವೇ ಬೇಕಿತ್ತು, ಆದರೆ ಅಂಗಡಿಯಲ್ಲಿ ಸಿಗುವ ಬೂದು ದೀಪದ ಬೆಳಕಿನಲ್ಲಿ ನೀಲಿಗೆ ತಿರುಗುತ್ತದೆ. ಅಡಿಕೆ ಬೇಯಿಸಿದ ಚೊಗರು ನಮ್ಮಲ್ಲಿ ಮನೆಮನೆಯ ವಸ್ತು. ಬಟ್ಟೆಗೆ ಅದು ಕೆಂಗಂದು ಬಣ್ಣ ಕೊಡುತ್ತದೆ. ಅದೇ ಬಟ್ಟೆಯನ್ನು ಕಬ್ಬಿಣದ ತುಕ್ಕು ನೆನೆಸಿದ ನೀರಿನಲ್ಲಿ ಅದ್ದಿದರೆ ಚೊಗರಿನ ಒಗರು ಕಬ್ಬಿಣದ ಜತೆ ಸೇರಿ ಕಪ್ಪಿನ ಕಡೆಗೆ ಜಾರುವ ಬೂದು ಬಣ್ಣ ಬರುತ್ತದೆ. ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ. ಹಳೆಯ ಗವಸು ಒಂದೇ ಸಮ ಇರುತ್ತದೆಯೇ?

ಇನ್ನು ಮೇಜು. ಆಚಾರಿಯವರ ಬಳಿ ಹೋಗಿ ವಿಡಿಯೊ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು, ಮತ್ತೊಮ್ಮೆ ನೋಡಿದರು. “ಇದು ಮೇಜೋ ಲಂಗವೋ ಮೊದಲು ಹೇಳಿ ಅಮ್ಮಾ. ಅಳತೆ ಆಮೇಲೆ ತೆಗೆಯೋಣ.” ನಾನು ಲಂಗ ಎಂದೆ. ಅವರು ಮೇಜು ಎಂದರು. ಕೆಲಸ ಮುಗಿಯುವ ತನಕ ಇಬ್ಬರೂ ನಮ್ಮ ನಮ್ಮ ಮಾತಿಗೇ ಅಂಟಿಕೊಂಡಿದ್ದೆವು.

ಹಿಂದೆ ಪ್ರವಾಸಕ್ಕೆ ಒಯ್ಯುತ್ತಿದ್ದ ಮಡಚುವ ಲೋಟ ನೋಡಿದ್ದೀರಲ್ಲ, ಬಳೆಯೊಳಗೆ ಬಳೆ ಕೂತು ಚಪ್ಪಟೆಯಾಗುವಂಥದ್ದು? ಅದನ್ನು ಬೋರಲು ಹಾಕಿದರೆ ಈ ಲಂಗ. ಮೊದಲ ಪ್ರಶ್ನೆ ನಡುವಿನ ತೂತು ಎಷ್ಟಿರಬೇಕು ಎಂಬುದು. ಸೊಂಟದ ಅಳತೆಗೆ ಮಾಡಿದರೆ ಮುಗಿಯಿತು, ಲಂಗ ಮೇಲೆ ಬರುವುದೇ ಇಲ್ಲ. ಅದು ಮೊದಲು ನಿತಂಬವನ್ನು ದಾಟಿ ಬರಬೇಕು. ನಮ್ಮ ನಟಿಯ ನಿತಂಬದ ಸುತ್ತಳತೆ 38. ಹಾಗಾಗಿ ತೂತು 13 ಇಂಚು ಅಗಲ, ಅಂದರೆ ಸುತ್ತ ಸುಮಾರು 41. ಅವಳ ಸೊಂಟ 28. ಮೇಲೆ ಬಂದ ಮೇಲೆ ಸುತ್ತಲೂ ಎರಡೆರಡು ಇಂಚು ಸಡಿಲ ಉಳಿಯುತ್ತದೆ. ಆ ರೂಪದರ್ಶಿ ಲಂಗವನ್ನು ಸೊಂಟಕ್ಕೆ ಸಿಗಿಸಿಕೊಳ್ಳಲೇಬೇಕಾದದ್ದು ಏಕೆಂದು ನನಗೆ ಹೊಳೆದದ್ದು ಆಗಲೇ. ಅದುವರೆಗೆ ಅದನ್ನು ಅಲಂಕಾರ ಎಂದುಕೊಂಡು ನೋಡುತ್ತಿದ್ದೆ.

ಬಳೆಗಳ ಆಕಾರ ನನ್ನ ಕೆಲಸವಾಯಿತು. ಅಂಬ್ರೆಲಾ ಕಟ್ ಹೊಲಿಯುವವರಿಗೆಲ್ಲ ಗೊತ್ತು: ಸೊಂಟವನ್ನು 6.28ರಿಂದ ಭಾಗಿಸಿದರೆ ವೃತ್ತದ ತ್ರಿಜ್ಯ; 28ಕ್ಕೆ ನಾಲ್ಕೂವರೆ ಇಂಚಿಗೆ ಕೂದಲೆಳೆ ಕಡಿಮೆ. ಆದರೆ ಅಂಬ್ರೆಲಾ ನೆಲಕ್ಕೆ ಹಾಸಿದರೆ ಪೂರ್ತಿ ವೃತ್ತ. ನಮ್ಮ ಬಳೆಗಳು ಎರಡೂವರೆ ಇಂಚು ಎತ್ತರದಲ್ಲಿ ಒಂದು ಇಂಚಿನ ಚಿಲ್ಲರೆಯಷ್ಟೇ ಹೊರವಾಲುವ ಶಂಕುವಿನ ತುಂಡುಗಳು. ಅಂಥದ್ದನ್ನು ಬಿಡಿಸಿ ಹಾಸಿದರೆ ಅರ್ಧವೃತ್ತಕ್ಕಿಂತ ತುಸು ಚಿಕ್ಕ ಕಮಾನು ಬರುತ್ತದೆ. ಮೊದಲ ಬಳೆಗೆ ಆ ಕಮಾನಿನ ತ್ರಿಜ್ಯ 16 ಇಂಚಿನ ಹತ್ತಿರ. ಹನ್ನೆರಡು ಬಳೆಗೂ ಕಂದು ಕಾಗದದಲ್ಲಿ ಕಮಾನು ಕತ್ತರಿಸಿ, ಅಂಟಿಸಿ, ಒಂದರೊಳಗೊಂದು ಕೂರಿಸಿ ನೋಡಿ ಆಚಾರಿಯವರಿಗೆ ಕೊಟ್ಟೆ. ಅವರು ಬಾಗುವ ತೆಳು ಪ್ಲೈವುಡ್ಡಿನಲ್ಲಿ ಅದನ್ನು ಕೊಯ್ದು, ತುದಿಗಳನ್ನು ಓರೆಯಾಗಿ ಹೆರೆದು, ಒಂದರ ಮೇಲೊಂದು ಕೂರಿಸಿ ಅಂಟು ಹಾಕಿದರು. ಕೂಡಿಸಿದ ಜಾಗ ಕೈಯಾಡಿಸಿದರೂ ಸಿಗುವುದಿಲ್ಲ. ಪ್ರತಿ ಬಳೆಯ ಕೆಳಬಾಯಿ ಮುಂದಿನ ಬಳೆಯ ಮೇಲ್ಬಾಯಿಗಿಂತ ಕಾಲು ಇಂಚು ಅಗಲ. ಇಡೀ ಲಂಗ ಉದುರದೆ ನಿಲ್ಲುವುದು ಆ ಕಾಲು ಇಂಚಿನ ಮೇಲೆ.

ಕಾಲು ಇಂಚನ್ನು ನಂಬಿ ಒಬ್ಬ ಹುಡುಗಿಯನ್ನು ರಂಗಕ್ಕೆ ಕಳಿಸಲು ಎದೆಗಾರಿಕೆ ಸಾಲಲಿಲ್ಲ. ಒಳಗಡೆ ನಾಲ್ಕು ಕಡೆ ಮಂಚದ ನವಾರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೂ ಪ್ರತಿ ಬಳೆಗೆ ಬಿಗಿದೆವು. ಹಾಗೆಯೇ ಬಿಟ್ಟರೆ ಮಡಚಿದಾಗ ಬಳೆಗಳ ನಡುವಿನ ಸಂದು ಕಂಡು ಮೇಜು ಮೇಜಿನಂತೆ ಕಾಣುತ್ತಿರಲಿಲ್ಲ. ಪ್ರತಿ ಬಳೆಯ ನೆತ್ತಿಗೆ ಹೊರಕ್ಕೆ ಚಾಚಿದ ತೆಳು ಅಂಚು ಕೂರಿಸಿದ್ದು ಆಚಾರಿಯವರ ಬುದ್ಧಿ. ಮೇಜಾಗಿದ್ದಾಗ ಸಂದು ಮುಚ್ಚುತ್ತದೆ, ಲಂಗವಾದಾಗ ಮೆಟ್ಟಿಲು ಕಾಣುತ್ತದೆ. ಎಲ್ಲ ಸೇರಿ ಐದು ಕಿಲೊ ತೂಕ. ಸೊಂಟದ ಮೇಲೆ ಐದು ಕಿಲೊ ಹೊತ್ತು ಮಾತಾಡುವುದು ಹಾಗಿರಲಿ, ಉಸಿರಾಡುವುದೂ ಕಷ್ಟ. ಅಂಗಿಯೊಳಗೆ ನವಾರಿನದೇ ಭುಜಪಟ್ಟಿ, ಬಕ್ರಂ ಇಟ್ಟ ನಡುಪಟ್ಟಿ, ಅದಕ್ಕೆ ನಾಲ್ಕು ಕೊಕ್ಕೆ. ಭಾರ ಭುಜಕ್ಕೆ ಹೋಯಿತು.

ತಾಲೀಮಿನಲ್ಲಿ ಬಿಲ್ಲೆ ತೆಗೆದು, ಒಳಗೆ ಕಾಲಿಟ್ಟು, ಬಗ್ಗಿ, ಎತ್ತಿ, ನಾಲ್ಕು ಕೊಕ್ಕೆ ಸಿಗಿಸುವುದು ನಟಿಗೆ ಬೇಗ ಬಂತು. ಅದನ್ನು ನಿಧಾನ ಮಾಡಿಸುವುದಕ್ಕೇ ಹೆಚ್ಚು ಹೊತ್ತು ಬೇಕಾಯಿತು. ಹಿಂದಿನ ಕೊಕ್ಕೆಗಳನ್ನು ನೋಡದೆ ಸಿಗಿಸಬೇಕು. ಸೀರೆ ಉಡುವವರಿಗೆ ಬೆನ್ನ ಹಿಂದೆ ಕೈ ಆಡಿಸುವುದು ಹೊಸದಲ್ಲ, ಆದರೆ ಈಗಿನ ಹುಡುಗಿಯರಿಗೆ ಆ ಅಭ್ಯಾಸ ತಪ್ಪಿದೆ. ನಡೆದಾಗ ತೊಡೆ ಬಡಿದು ಬಳೆಗಳು ಟಕಟಕ ಎನ್ನುತ್ತಿದ್ದವು. ಕಂಬಳಿಯ ಪಟ್ಟಿ ಅಂಟಿಸಿ ಸದ್ದು ಅಡಗಿಸಿದೆ. ನಿರ್ದೇಶಕರು ಕೇಳಿ, ಕೆಳಗಿನ ಮೂರು ಬಳೆಗಳ ಕಂಬಳಿ ಕಿತ್ತುಹಾಕಿಸಿದರು. ಅವರು ಹೇಳಿದ್ದೇ ಸರಿ ಎನಿಸಿತು. ಹೆಜ್ಜೆಗೊಂದು ಮರದ ಸದ್ದು ಬೇಕಿತ್ತು.

ಮೊದಲ ಪ್ರದರ್ಶನದಲ್ಲಿ ಬಳೆಗಳು ಇಳಿಬಿದ್ದ ಕೂಡಲೇ ಚಪ್ಪಾಳೆ ಬಿತ್ತು. ಚಲಯನ್ ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟದ್ದು ಸುಮ್ಮನೆ ಅಲ್ಲ. ಅದಾದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ನಮ್ಮ ನಾಟಕದಲ್ಲಿ ಅದಾದ ಮೇಲೆ ಇನ್ನೂ ಒಂದು ದೃಶ್ಯ ಇದೆ. ಚಪ್ಪಾಳೆ ನಿಲ್ಲುವ ತನಕ ನಟಿ ಏನು ಮಾಡಬೇಕು, ಜಾದೂಗಾರಳಂತೆ ನಿಂತಿರಬೇಕೆ? ಆ ಬಲ್ಗೇರಿಯಾದ ಹಾಡಿನವರು ನೆನಪಾಗಿ, ಮೇಳದ ಹೆಂಗಸರಿಂದ ಹಸೆ ಹಾಡೊಂದನ್ನು ಅವಳು ಬಿಲ್ಲೆ ಮುಟ್ಟುವ ಮೊದಲೇ ಎತ್ತಿಸಿದೆವು. ಹಾಡಿನ ನಡುವೆ ನಮ್ಮ ಜನ ಚಪ್ಪಾಳೆ ತಟ್ಟುವುದಿಲ್ಲ. ಗವಸುಗಳ ಹೊತ್ತಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಮುಂದಕ್ಕೆ ಬಗ್ಗಿ, ಈಗ ಬರೀ ಕಬ್ಬಿಣವಾಗಿ ನಿಂತ ಕುರ್ಚಿಗಳನ್ನು ನೋಡುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಕೆಳಗಿನ ಬಳೆಯ ಅಗಲ 37 ಇಂಚು ಚಿಲ್ಲರೆ. ಊರೂರು ತಿರುಗುವಾಗ ಇದೇ ನಮ್ಮ ದೊಡ್ಡ ಲೆಕ್ಕ: ಪಕ್ಕದ ಪರದೆಗಳ ನಡುವೆ ಮೂರೂವರೆ ಅಡಿ ಬಿಡುತ್ತೀರಾ ಎಂದು ಸಂಘಟಕರನ್ನು ಫೋನಿನಲ್ಲೇ ಕೇಳುತ್ತೇವೆ. ಎರಡೂವರೆ ಅಡಿಯ ಬಾಗಿಲಿರುವ ಶಾಲೆಯ ರಂಗದಲ್ಲಿ ಅವಳನ್ನು ಮುಂದಿನ ಮೆಟ್ಟಿಲಿನಿಂದ ಇಳಿಸಿ ಪ್ರೇಕ್ಷಕರ ನಡುವೆಯೇ ನಡೆಸಬೇಕಾಯಿತು. ನಿರ್ದೇಶಕರಿಗೆ ಅದು ಎಷ್ಟು ಹಿಡಿಸಿತೆಂದರೆ ಈಗ ಎಲ್ಲ ಕಡೆಯೂ ಹಾಗೆಯೇ ಮಾಡಿಸುತ್ತಾರೆ. ಲಂಗ ಬಸ್ಸಿನ ಡಿಕ್ಕಿಯಲ್ಲಿ ಚಪ್ಪಟೆಯಾಗಿ ಮಲಗಿ ಬರುತ್ತದೆ. ಆಚಾರಿಯವರು ಕೊನೆಯ ಬಳೆಯ ಅಡಿಗೆ ಸೈಕಲ್ ಟ್ಯೂಬಿನ ರಬ್ಬರು ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ. ಮೇಜಿನ ಅಂಚು ಸವೆಯುತ್ತಿದೆಯಂತೆ.