ಎಷ್ಟು ವಾರಕ್ಕೊಮ್ಮೆ? ಕಣ್ಣಿನ ಇಂಜೆಕ್ಷನ್‌ಗಳ ಜೊತೆ ನನ್ನ ಅನುಭವ

ಕಣ್ಣಿಗೆ ಹೊಸ ಇಂಜೆಕ್ಷನ್ ಬಂದಿದೆ ಎಂದು ಸುದ್ದಿಯಾದಾಗ ನಾನು ಮೊದಲು ಹುಡುಕುವುದು ಒಂದೇ ಸಾಲನ್ನು: ಎಷ್ಟು ವಾರಕ್ಕೊಮ್ಮೆ ಕೊಡಬೇಕು? ದೃಷ್ಟಿ ಎಷ್ಟು ಸುಧಾರಿಸುತ್ತದೆ ಅನ್ನುವ ಅಂಕಿ ಆಮೇಲೆ. ಆ ಅಂಕಿ 2006ರಿಂದೀಚೆಗೆ ಹೆಚ್ಚೇನೂ ಕದಲಿಲ್ಲ. ಕದಲಿದ್ದು ಒಂದು ಇಂಜೆಕ್ಷನ್‌ಗೂ ಮುಂದಿನದಕ್ಕೂ ನಡುವಿನ ಅಂತರ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ನೋಡುವ ಡಾಕ್ಟರ್ ಆಗಿ ನನ್ನ ತಲೆ ಹೆಚ್ಚು ಓಡುವುದೂ ಅದರ ಸುತ್ತಲೇ.

ನಾನು ಕಲಿಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ವಯಸ್ಸಾದವರ ರೆಟಿನಾದ ನಟ್ಟನಡುವೆ, ಅಂದರೆ ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ಮ್ಯಾಕ್ಯುಲಾದ ಅಡಿಯಲ್ಲಿ, ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತವೆ. ವಯಸ್ಸಿನ ಜೊತೆ ಮ್ಯಾಕ್ಯುಲಾ ಹಾಳಾಗುವ ಕಾಯಿಲೆಗೆ ಎಎಂಡಿ ಎಂದು ಹೆಸರು; ಹೀಗೆ ಸೋರುವ ಬಗೆಯನ್ನು ನಾವು ವೆಟ್ ಎಎಂಡಿ ಅನ್ನುತ್ತೇವೆ. ಆಗ ಇದ್ದದ್ದು ಸುಡುವ ಲೇಸರ್. ಅದು ಸೋರುವ ನಾಳವನ್ನೂ ಸುಡುತ್ತಿತ್ತು, ಮೇಲಿದ್ದ ರೆಟಿನಾವನ್ನೂ ಬಿಡುತ್ತಿರಲಿಲ್ಲ. 2000ದಲ್ಲಿ ವರ್ಟೆಪೊರ್ಫಿನ್ ಬಂತು: ಕೈಯ ನರಕ್ಕೆ ಔಷಧ ಹತ್ತಿಸಿ, ಕಣ್ಣಿಗೆ ಬಿಸಿಯಿಲ್ಲದ ಲೇಸರ್ ಬೆಳಕು ಹಾಯಿಸುವುದು. ದೃಷ್ಟಿ ಇಳಿಯುವ ವೇಗ ತಗ್ಗುತ್ತಿತ್ತು, ಅಷ್ಟೆ. "ಇನ್ನು ಹೆಚ್ಚು ಕೆಡದಂತೆ ನೋಡಿಕೊಳ್ಳೋಣ" ಎನ್ನುವುದೇ ನಮ್ಮ ಬಾಯಿಪಾಠವಾಗಿತ್ತು.

ಆ ಬಾಯಿಪಾಠವನ್ನು ಮರೆಸಿದ್ದು ವಿಇಜಿಎಫ್ ಎಂಬ ಪ್ರೋಟೀನನ್ನು ಕಟ್ಟಿಹಾಕುವ ಔಷಧಗಳು. ನಾಪೊಲಿಯೋನೆ ಫೆರಾರಾ ಈ ಪ್ರೋಟೀನನ್ನು 1989ರಲ್ಲಿ ಬೇರ್ಪಡಿಸಿದ್ದರು. ಬೇಡದ ನಾಳ ಬೆಳೆಯಲು, ಸೋರಲು ಕುಮ್ಮಕ್ಕು ಕೊಡುವುದು ಇದೇ. 716 ಜನರ ಮೇಲೆ ನಡೆದ ಮರೀನಾ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಿಂಗಳಿಗೊಮ್ಮೆ 0.5 ಮಿ.ಗ್ರಾಂ. ರಾನಿಬಿಜುಮ್ಯಾಬ್ ಎಂಬ ಇಂಥ ಔಷಧ ಪಡೆದವರಲ್ಲಿ ಮೂರನೇ ಒಂದರಷ್ಟು ಜನ ಒಂದು ವರ್ಷದ ಹೊತ್ತಿಗೆ ಚಾರ್ಟ್‌ನಲ್ಲಿ 15 ಅಕ್ಷರವಾದರೂ ಹೆಚ್ಚು ಓದಿದರು. ಹುಸಿ ಇಂಜೆಕ್ಷನ್ ಪಡೆದವರಲ್ಲಿ ಹಾಗೆ ಓದಿದವರು ನೂರಕ್ಕೆ ಐದು ಮಂದಿ. ಕರುಳಿನ ಕ್ಯಾನ್ಸರ್‌ಗೆಂದು ಬಂದಿದ್ದ ಬೆವಾಸಿಜುಮ್ಯಾಬ್‌ನ ಒಂದು ಸೀಸೆಯನ್ನು ಹಲವು ಚಿಕ್ಕ ಡೋಸ್‌ಗಳಾಗಿ ಹಂಚಿ ಕಣ್ಣಿಗೆ ಕೊಡುವ ಪದ್ಧತಿಯೂ ಅದೇ ಆಸುಪಾಸಿನಲ್ಲಿ ಶುರುವಾಗಿತ್ತು. ದೃಷ್ಟಿಯ ವಿಷಯದಲ್ಲಿ ಅದು ರಾನಿಬಿಜುಮ್ಯಾಬ್‌ಗೆ ಸರಿಸಮ ಎಂದು 2011ರಲ್ಲಿ ಕ್ಯಾಟ್ ಅಧ್ಯಯನ ತೋರಿಸಿತು. ಕಡಿಮೆ ಖರ್ಚಿನ ಔಷಧ ಕೊಡುವಾಗ ನನಗಿದ್ದ ಅಳುಕು ಹೋಗಿದ್ದು ಅಲ್ಲಿಗೆ.

ಆದರೆ ಅಧ್ಯಯನದಲ್ಲಿ ತಿಂಗಳು ತಪ್ಪದೆ ಬರುವವರು ಬೇರೆ, ನನ್ನ ಬಾಗಿಲ ಹೊರಗೆ ಕೂತಿರುವವರು ಬೇರೆ. ಎಂಬತ್ತು ದಾಟಿದವರಿಗೆ ಜೊತೆಗೊಬ್ಬರು ಬೇಕು. ಆ ಜೊತೆಯವರಿಗೆ ರಜೆ ಸಿಗಬೇಕು. ನಡುವೆ ಸೊಂಟ ಮುರಿಯುತ್ತದೆ, ಹೃದಯದ ಆಪರೇಷನ್ ಬರುತ್ತದೆ. ದೊಡ್ಡ ಅಧ್ಯಯನಗಳಲ್ಲಿದ್ದವರ ಪೈಕಿ ಕೆಲವರನ್ನು ಏಳು ವರ್ಷದ ನಂತರ ಹುಡುಕಿ ನೋಡಿದ ಸೆವೆನ್-ಅಪ್ ವರದಿಯಲ್ಲಿ ಮೂರನೇ ಒಂದರಷ್ಟು ಜನ 15 ಅಥವಾ ಅದಕ್ಕೂ ಹೆಚ್ಚು ಅಕ್ಷರ ಕಳೆದುಕೊಂಡಿದ್ದರು. ಅಧ್ಯಯನ ಮುಗಿದ ಮೇಲೆ ಅವರಿಗೆ ಇಂಜೆಕ್ಷನ್ ಸಿಕ್ಕಿದ್ದೇ ಕಡಿಮೆ. ಆ ವರದಿ ಓದಿದ ಮೇಲೆ, ಯಾವ ಔಷಧ ಅನ್ನುವುದಕ್ಕಿಂತ ಜನ ಬರುತ್ತಲೇ ಇರುವಂತೆ ಹೇಗೆ ಮಾಡುವುದು ಅನ್ನುವುದು ನನಗೆ ದೊಡ್ಡ ಪ್ರಶ್ನೆಯಾಯಿತು.

ಹಿಂದೆ ಎರಡು ದಾರಿ ಇದ್ದವು. ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಕೊಡುವುದು ಒಂದು; ತಿಂಗಳಿಗೊಮ್ಮೆ ನೋಡಿ, ಸೋರಿಕೆ ಕಂಡರೆ ಮಾತ್ರ ಕೊಡುವುದು ಇನ್ನೊಂದು. ಎರಡನೆಯದು ಕೇಳಲು ಹಿತ, ಆದರೆ ಪ್ರತಿ ಸಲವೂ ಸೋರಿಕೆ ಮರಳಿದ ಮೇಲೆಯೇ ನಾವು ಎಚ್ಚೆತ್ತುಕೊಳ್ಳುವುದು. ಮರಳಿದ ಪ್ರತಿ ಸೋರಿಕೆಯೂ ಒಂದಿಷ್ಟು ಗಾಯ ಬಿಟ್ಟು ಹೋಗುತ್ತದೆ. ನಾನೀಗ ಅನುಸರಿಸುವುದು ಮೂರನೆಯ ದಾರಿ. ಮೊದಲ ಮೂರು ಇಂಜೆಕ್ಷನ್ ತಿಂಗಳಿಗೊಂದರಂತೆ. ಸೋರಿಕೆ ನಿಂತು ಕಣ್ಣು ಒಣಗಿದೆ ಎಂದು ಸ್ಕ್ಯಾನ್ ಹೇಳಿದರೆ ಆವತ್ತೂ ಇಂಜೆಕ್ಷನ್ ಕೊಟ್ಟು ಮುಂದಿನದನ್ನು ಆರು ವಾರಕ್ಕೆ ತಳ್ಳುತ್ತೇನೆ. ಆಮೇಲೆ ಎಂಟು, ಹತ್ತು, ಹನ್ನೆರಡು. ನೀರು ಮರಳಿ ಕಂಡಲ್ಲಿ ಎರಡು ವಾರ ಹಿಂದೆ ಸರಿದು ಅಲ್ಲೇ ನಿಲ್ಲುತ್ತೇನೆ. ಒಂದು ಕಣ್ಣಿಗೆ ಹನ್ನೆರಡು ವಾರ ಧಾರಾಳ, ಅದೇ ವ್ಯಕ್ತಿಯ ಇನ್ನೊಂದು ಕಣ್ಣು ಆರಕ್ಕೇ ತಕರಾರು ತೆಗೆಯುತ್ತದೆ. ಫೈಲಿನ ಮೇಲೆ ಎರಡೂ ಕಣ್ಣಿನ ವಾರವನ್ನು ದಪ್ಪಕ್ಷರದಲ್ಲಿ ಬರೆದಿಡುತ್ತೇನೆ. ಬಂದ ದಿನ ಇಂಜೆಕ್ಷನ್ ಖಂಡಿತ ಅಂತ ಮೊದಲೇ ಗೊತ್ತಿರುವುದರಿಂದ ಮನೆಯವರಿಗೂ ಅನುಕೂಲ. "ಇವತ್ತು ಇರುತ್ತೋ ಇಲ್ವೋ" ಅನ್ನುವ ಎದೆಬಡಿತ ಇರುವುದಿಲ್ಲ.

ನೀರು ಮರಳಿದೆಯೋ ಇಲ್ಲವೋ ಎಂದು ಹೇಳುವುದು ಓಸಿಟಿ ಸ್ಕ್ಯಾನ್. ಅಮೆರಿಕದ ಎಂಐಟಿಯಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮತ್ತು ಜೊತೆಗಾರರು ಅದನ್ನು 1991ರಲ್ಲಿ ಪ್ರಕಟಿಸಿದರು. ಇದಿಲ್ಲದೆ ಇಂಜೆಕ್ಷನ್ ಯುಗವೇ ಇರುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ರೋಗಿ ಗಲ್ಲ ಊರಿ ಚುಕ್ಕೆ ನೋಡುತ್ತಾ ಕೂತರೆ ಕೆಲವೇ ಕ್ಷಣದಲ್ಲಿ ರೆಟಿನಾದ ಪದರಪದರವೂ ಪರದೆಯ ಮೇಲೆ ಬರುತ್ತದೆ. ನೀರು ಇದ್ದಲ್ಲಿ ಕಪ್ಪು. ರೆಟಿನಾದ ಒಳಗೇ ಕಪ್ಪು ಗುಳ್ಳೆಗಳಿದ್ದರೆ ನನಗೆ ಸಮಾಧಾನವಿಲ್ಲ, ಅಂತರ ಕಡಿಮೆ ಮಾಡುತ್ತೇನೆ. ರೆಟಿನಾದ ಅಡಿಯಲ್ಲಿ ತೆಳ್ಳಗಿನ ಕಪ್ಪು ಗೆರೆಯಷ್ಟೇ ಇದ್ದು, ದೃಷ್ಟಿಯೂ ಸ್ಥಿರವಾಗಿದ್ದರೆ ಬೆನ್ನು ಹತ್ತುವುದಿಲ್ಲ. ಅಡಿಯಲ್ಲಿ 200 ಮೈಕ್ರಾನ್‌ವರೆಗಿನ ನೀರನ್ನು ಸಹಿಸಿಕೊಂಡವರ ದೃಷ್ಟಿ, ಪೂರ್ತಿ ಒಣಗಿಸಿದವರದಕ್ಕಿಂತ ಎರಡು ವರ್ಷದಲ್ಲಿ ಕೆಡಲಿಲ್ಲ ಎಂದು ಫ್ಲೂಯಿಡ್ ಅಧ್ಯಯನ ತೋರಿಸಿದೆ. ಸ್ಕ್ಯಾನ್ ಚೊಕ್ಕ ಕಾಣಲಿ ಎಂಬ ಆಸೆಗೆ ರೋಗಿಗೆ ಹೆಚ್ಚು ಚುಚ್ಚುವುದು ಬೇಡ.

ಚುಚ್ಚುವುದರ ಬಗ್ಗೆಯೂ ಬಿಡಿಸಿ ಹೇಳಬೇಕು, ಯಾಕೆಂದರೆ "ಕಣ್ಣೊಳಗೇ ಸೂಜಿನಾ?" ಅಂತ ಬೆಚ್ಚಿಬೀಳದವರನ್ನು ನಾನು ಕಂಡಿಲ್ಲ. ಮೊದಲು ಮರಗಟ್ಟಿಸುವ ಹನಿ. ರೆಪ್ಪೆ ಒರೆಸಿ, ಕಣ್ಣಿಗೆ ಶೇ. 5ರ ಪೊವಿಡೋನ್ ಅಯೋಡಿನ್ ಬಿಡುತ್ತೇವೆ. ಜನ ಸೂಜಿಗಿಂತ ಹೆಚ್ಚಾಗಿ ಬೈದುಕೊಳ್ಳುವುದು ಈ ಹನಿಯನ್ನು, ಆಮೇಲೆ ಅಷ್ಟು ಉರಿಯುತ್ತದೆ. ಆದರೆ ಸೋಂಕು ತಡೆಯುವುದು ಅದೇ. ಇಂಜೆಕ್ಷನ್‌ಗೆ ಮೊದಲು ಮತ್ತು ಆಮೇಲೆ ಕೊಡುತ್ತಿದ್ದ ಆಂಟಿಬಯಾಟಿಕ್ ಹನಿಗಳಿಂದ ಲಾಭವಿಲ್ಲವೆಂದು ಗೊತ್ತಾದ ಮೇಲೆ ಅವನ್ನು ಬರೆಯುವುದನ್ನೇ ಬಿಟ್ಟಿದ್ದೇನೆ. ರೆಪ್ಪೆ ಮುಚ್ಚದಂತೆ ಕ್ಲಿಪ್ ಇಟ್ಟು, ಕಪ್ಪುಗುಡ್ಡೆಯ ಅಂಚಿನಿಂದ ಕ್ಯಾಲಿಪರ್‌ನಲ್ಲಿ ಅಳೆಯುತ್ತೇನೆ: ಪೊರೆಯ ಆಪರೇಷನ್ ಆಗಿದ್ದರೆ 3.5 ಮಿ.ಮೀ., ಆಗಿಲ್ಲದಿದ್ದರೆ 4. ಅಲ್ಲಿ ಚುಚ್ಚಿದರೆ ಮುಂದಿನ ಮಸೂರಕ್ಕೂ ತಾಗುವುದಿಲ್ಲ, ಹಿಂದಿನ ರೆಟಿನಾಕ್ಕೂ ತಾಗುವುದಿಲ್ಲ. ಸೂಜಿಯ ಮುಚ್ಚಳ ತೆಗೆದ ಮೇಲೆ ಕೋಣೆಯಲ್ಲಿ ಯಾರೂ ಮಾತಾಡುವಂತಿಲ್ಲ, ರೋಗಿಯೂ ಸೇರಿ. ಬಾಯಿಯ ಬ್ಯಾಕ್ಟೀರಿಯಾ ಕಣ್ಣೊಳಗೆ ಹೋದರೆ ಆಗುವ ಸೋಂಕು ಬಲು ಕೆಟ್ಟದ್ದು. 30 ಗೇಜಿನ ಸೂಜಿ, ಬಹುತೇಕ ಔಷಧಗಳಿಗೆ 0.05 ಮಿ.ಲೀ. ಸೂಜಿ ಹೊರಬಂದ ಕೂಡಲೇ ಹತ್ತಿಕಡ್ಡಿಯಿಂದ ಒತ್ತಿ ಹಿಡಿದು, "ಎಷ್ಟು ಬೆರಳು?" ಎಂದು ಕೇಳುತ್ತೇನೆ. ಉತ್ತರ ಸರಿ ಬಂದರೆ ಕಣ್ಣಿನ ಒತ್ತಡ ರಕ್ತಸಂಚಾರ ತಡೆಯುವಷ್ಟು ಏರಿಲ್ಲ ಎಂದರ್ಥ.

ಬಿಳಿಗುಡ್ಡೆಯ ಮೇಲೆ ರಕ್ತದ ಕಲೆ, ಒಂದೆರಡು ದಿನ ತೇಲುವ ಕಪ್ಪು ಉಂಗುರ, ಇವಕ್ಕೆ ಹೆದರಬೇಕಿಲ್ಲ. ಆದರೆ ಇಂಜೆಕ್ಷನ್ ಆದ ದಿನಗಳಲ್ಲಿ ನೋವು, ಕೆಂಪು, ಮಂಜು ದಿನದಿಂದ ದಿನಕ್ಕೆ ಏರುತ್ತಿದ್ದರೆ ರಾತ್ರಿಯಾದರೂ ಸರಿ, ಬರಬೇಕು. ಕಣ್ಣೊಳಗಿನ ಸೋಂಕು ಎರಡು ಮೂರು ಸಾವಿರ ಇಂಜೆಕ್ಷನ್‌ಗೆ ಒಂದರಂತೆ ಆಗುತ್ತದೆ. ಅಪರೂಪ ಹೌದು, ಆದರೆ ಒಬ್ಬರಿಗೇ ವರ್ಷಾನುಗಟ್ಟಲೆ ಚುಚ್ಚುತ್ತಾ ಹೋದರೆ ಲೆಕ್ಕ ಕೂಡುತ್ತದೆ. ಅಂತರ ಹಿಗ್ಗಿಸಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಹೊಸ ಔಷಧಗಳ ಪೈಪೋಟಿ ಶುರುವಾಗಿದ್ದೂ ಇಲ್ಲೇ. 2019ರಲ್ಲಿ ಬಂದ ಬ್ರೊಲುಸಿಜುಮ್ಯಾಬ್ ಹನ್ನೆರಡು ವಾರದ ಭರವಸೆ ಕೊಟ್ಟಿತ್ತು. ಕೆಲವೇ ತಿಂಗಳಲ್ಲಿ, 2020ರ ಆರಂಭದಲ್ಲಿ, ರೆಟಿನಾದ ರಕ್ತನಾಳಗಳು ಉರಿಯೂತಗೊಂಡು ಮುಚ್ಚಿಹೋದ ವರದಿಗಳು ಬಂದವು. ಅಂದಿನಿಂದ ಯಾವ ಹೊಸ ಔಷಧವನ್ನೂ ಬಂದ ವರ್ಷವೇ, ಒಂದೇ ಕಣ್ಣು ಉಳಿದಿರುವವರಿಗೆ ಕೊಡುವುದಿಲ್ಲ ಎಂಬ ನಿಯಮ ಹಾಕಿಕೊಂಡಿದ್ದೇನೆ. ಬಿಳಿಗುಡ್ಡೆಯಲ್ಲಿ ಚಿಕ್ಕ ತೊಟ್ಟಿ ಕೂರಿಸಿ ಆರು ತಿಂಗಳಿಗೊಮ್ಮೆ ತುಂಬುವ ಸಾಧನಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮರುವರ್ಷ ವಾಪಸ್ ಪಡೆದರು, 2024ರಲ್ಲಿ ಸರಿಪಡಿಸಿ ಮತ್ತೆ ತಂದರು. ತಿಂಗಳ ಇಂಜೆಕ್ಷನ್‌ಗಿಂತ ಸೋಂಕಿನ ಅಪಾಯ ಮೂರು ಪಟ್ಟು ಎಂಬ ಎಚ್ಚರಿಕೆಯನ್ನು ಹೊತ್ತೇ ಅದು ಬಂದಿದ್ದು. ನನಗದು ಇನ್ನೂ ರುಚಿಸಿಲ್ಲ.

2022ರ ಫ್ಯಾರಿಸಿಮ್ಯಾಬ್ ವಿಇಜಿಎಫ್ ಜೊತೆಗೆ ಆಂಜಿಯೋಪೊಯೆಟಿನ್-2 ಎಂಬ ಇನ್ನೊಂದು ಪ್ರೋಟೀನನ್ನೂ ತಡೆಯುತ್ತದೆ. ಅಧ್ಯಯನಗಳಲ್ಲಿ ಇದನ್ನು ಪಡೆದವರ ಪೈಕಿ ಸುಮಾರು ಶೇ. 45 ಜನ ಒಂದು ವರ್ಷದ ಹೊತ್ತಿಗೆ ಹದಿನಾರು ವಾರಕ್ಕೊಮ್ಮೆ ಬರುವ ಹಂತ ತಲುಪಿದ್ದರು. ದೃಷ್ಟಿಯ ವಿಷಯದಲ್ಲಿ ಇದು ವಿಇಜಿಎಫ್ ತಡೆಯುವ ಹಳೆಯ ಔಷಧ ಆಫ್ಲಿಬರ್ಸೆಪ್ಟ್‌ಗೆ ಸಮ. ಇಲ್ಲೊಂದು ಮಾತು ಗಮನಿಸಬೇಕು: ಹೋಲಿಕೆಗೆ ಇಟ್ಟಿದ್ದ ಆಫ್ಲಿಬರ್ಸೆಪ್ಟ್ ಗುಂಪಿಗೆ ಎಂಟೇ ವಾರ ಎಂದು ಗೆರೆ ಎಳೆದಿದ್ದರು, ಅಂತರ ಹಿಗ್ಗಿಸುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಅವರಲ್ಲೂ ಎಷ್ಟೋ ಜನ ಹನ್ನೆರಡಕ್ಕೆ ಮುಟ್ಟುತ್ತಿದ್ದರು. ಹಾಗಾಗಿ ಹಳೆಯ ಔಷಧದಲ್ಲೇ ಹತ್ತು, ಹನ್ನೆರಡು ವಾರ ಆರಾಮವಾಗಿ ಇರುವವರನ್ನು ನಾನು ಬದಲಿಸುವುದಿಲ್ಲ. ನಾಲ್ಕೋ ಆರೋ ವಾರ ದಾಟಿದರೆ ನೀರು ತುಂಬಿಕೊಳ್ಳುವ ಕಣ್ಣುಗಳಿವೆಯಲ್ಲ, ಅವಕ್ಕೇ ಫ್ಯಾರಿಸಿಮ್ಯಾಬ್ ಅಥವಾ 2023ರಲ್ಲಿ ಬಂದ 8 ಮಿ.ಗ್ರಾಂ. ಆಫ್ಲಿಬರ್ಸೆಪ್ಟ್ ನೋಡುತ್ತೇನೆ. ಇಂಥವರಿಗೆ ಎರಡು ಮೂರು ವಾರ ಹೆಚ್ಚು ಸಿಕ್ಕರೂ ದೊಡ್ಡದು, ಹದಿನಾರು ವಾರದ ಆಸೆ ತೋರಿಸುವುದಿಲ್ಲ.

ಒಣ ಎಎಂಡಿಯ ಕೊನೆಯ ಹಂತದವರ ಜೊತೆ ಮಾತು ಕಷ್ಟ. ಅವರಲ್ಲಿ ಸೋರಿಕೆಯಿಲ್ಲ, ರೆಟಿನಾ ತೇಪೆ ತೇಪೆಯಾಗಿ ಸವೆಯುತ್ತದೆ. 2023ರಲ್ಲಿ ಅಮೆರಿಕದಲ್ಲಿ ಇದಕ್ಕೂ ಎರಡು ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು: ಪೆಗ್ಸೆಟಾಕೊಪ್ಲಾನ್, ಅವಾಸಿನ್‌ಕ್ಯಾಪ್ಟಾಡ್. ಮಗ ಫೋನಿನಲ್ಲಿ ಸುದ್ದಿ ತೋರಿಸುತ್ತಾನೆ, "ಇದನ್ನ ಅಮ್ಮನಿಗೆ ಕೊಡಬಹುದಾ ಡಾಕ್ಟ್ರೇ?" ನಾನು ಹೇಳುವುದು ಇಷ್ಟು: ಮೊದಲನೆಯದನ್ನು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟರೆ ಸವೆತ ಐದನೇ ಒಂದರಷ್ಟು ನಿಧಾನವಾಗುತ್ತದೆ. ಹೋದ ದೃಷ್ಟಿ ಬರುವುದಿಲ್ಲ, ನಿಮ್ಮ ಅಮ್ಮನಿಗೆ ವ್ಯತ್ಯಾಸ ಗೊತ್ತಾಗುವುದೂ ಇಲ್ಲ. ತಿಂಗಳಿಗೊಮ್ಮೆ ಪಡೆದ ನೂರರಲ್ಲಿ ಸುಮಾರು ಹನ್ನೆರಡು ಕಣ್ಣಿಗೆ ಸೋರುವ ಬಗೆಯೂ ಬಂತು, ಪಡೆಯದವರಲ್ಲಿ ಮೂರಕ್ಕೆ. ಯುರೋಪಿನ ನಿಯಂತ್ರಕರು 2024ರಲ್ಲಿ ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಇಷ್ಟು ಕೇಳಿದ ಮೇಲೆ ಬಹಳಷ್ಟು ಮಂದಿ ಬೇಡ ಅನ್ನುತ್ತಾರೆ. ಸವೆತ ನಡುಬಿಂದುವಿನ ಅಂಚಿಗೆ ಬಂದಿದ್ದು, ಇನ್ನೊಂದು ಕಣ್ಣು ಆಗಲೇ ಹೋಗಿದ್ದರೆ ಮಾತ್ರ ನಾನು ಮುಂದುವರಿಸಿ ಚರ್ಚಿಸುತ್ತೇನೆ.

ನಡುದೃಷ್ಟಿ ಪೂರಾ ಹೋದವರಿಗೆ 2025ರ ಪ್ರಿಮಾ ಅಧ್ಯಯನ ನಿಜಕ್ಕೂ ಹೊಸದು. ರೆಟಿನಾದ ಅಡಿಯಲ್ಲಿ 2 ಮಿ.ಮೀ. ಚಚ್ಚೌಕದ ತಂತಿಯಿಲ್ಲದ ಚಿಪ್, ಕ್ಯಾಮೆರಾ ಇರುವ ಕನ್ನಡಕದಿಂದ ಅದಕ್ಕೆ ಅವಗೆಂಪು ಬೆಳಕು. ಒಂದು ವರ್ಷದ ಪರೀಕ್ಷೆ ಮುಗಿಸಿದ 32 ಜನರಲ್ಲಿ 26 ಮಂದಿ ಗಣನೀಯವಾಗಿ ಹೆಚ್ಚು ಅಕ್ಷರ ಓದಿದರು. ಕಾಣುವುದು ಕಪ್ಪು-ಬಿಳುಪು, ಓದು ನಿಧಾನ, ತಿಂಗಳುಗಟ್ಟಲೆ ಅಭ್ಯಾಸ ಬೇಕು. ಹುಟ್ಟಿನಿಂದ ಬರುವ ಕುರುಡಿಗೆ ಮೊದಲ ಜೀನ್ ಚಿಕಿತ್ಸೆ 2017ರಲ್ಲೇ ಬಂತು, ಆದರೆ ಅದು ಆರ್‌ಪಿಇ65 ಎಂಬ ಒಂದೇ ಜೀನ್‌ನ ದೋಷಕ್ಕೆ. ಅದಕ್ಕೇ ಇರುಳುಗುರುಡಿನ ಮಕ್ಕಳು ಬಂದರೆ ಜೀನ್ ಪರೀಕ್ಷೆ ಮಾಡಿಸಿ ಎಂದು ಈಗ ಒತ್ತಿ ಹೇಳುತ್ತೇನೆ. ಮುಂಚೆ ಆ ಪರೀಕ್ಷೆಯಿಂದ ಕಾಯಿಲೆಯ ಹೆಸರು ತಿಳಿಯುತ್ತಿತ್ತು, ಬೇರೇನೂ ಇಲ್ಲ.

ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ನನ್ನ ಕೈ ಮೊದಲಿಗಿಂತ ಬಿಗಿಯಾಗಿದೆ. ಸ್ಕ್ಯಾನ್‌ನಲ್ಲಿ ಮ್ಯಾಕ್ಯುಲಾ ಊದಿದ್ದರೂ ದೃಷ್ಟಿ 6/6 ಇದ್ದರೆ ಇಂಜೆಕ್ಷನ್ ಕೊಡದೆ ಕಾಯುತ್ತೇನೆ. ಹಾಗೆ ಕಾದವರ ದೃಷ್ಟಿ ಎರಡು ವರ್ಷದಲ್ಲಿ ಕೂಡಲೇ ಇಂಜೆಕ್ಷನ್ ಪಡೆದವರಷ್ಟೇ ಚೆನ್ನಾಗಿತ್ತು ಎಂದು 2019ರಲ್ಲಿ ಪ್ರೋಟೋಕಾಲ್ ವಿ ಎಂಬ ಅಧ್ಯಯನ ತೋರಿಸಿದೆ. ಆದರೆ ಕಾಯುವುದೆಂದರೆ ಬರುವುದನ್ನೇ ನಿಲ್ಲಿಸುವುದಲ್ಲ. ದೃಷ್ಟಿ ಎರಡು ಸಾಲು ಇಳಿದ ದಿನವೇ ಶುರು. ಇನ್ನೊಂದು, ಕೊಬ್ಬಿನಂಶಕ್ಕೆ ಕೊಡುವ ಫೆನೊಫೈಬ್ರೇಟ್ ಎಂಬ ಹಳೆಯ ಮಾತ್ರೆ. 2024ರಲ್ಲಿ ಸ್ಕಾಟ್ಲೆಂಡ್‌ನಿಂದ ಬಂದ ಲೆನ್ಸ್ ಅಧ್ಯಯನದಲ್ಲಿ, ಶುರುವಿನ ಹಂತದ ರೆಟಿನಾ ತೊಂದರೆ ಇದ್ದವರಲ್ಲಿ ಕಾಯಿಲೆ ಮುಂದುವರಿಯುವುದನ್ನು ಅದು ಶೇ. 27ರಷ್ಟು ತಗ್ಗಿಸಿತು. ಮೂತ್ರಪಿಂಡದ ಪರೀಕ್ಷೆ ನೋಡಿಕೊಂಡೇ ಕೊಡಬೇಕಾದ ಮಾತ್ರೆ, ಹಾಗಾಗಿ ನಾನೇ ಬರೆದುಕೊಡುವುದಿಲ್ಲ. ಅವರ ಸಕ್ಕರೆ ಡಾಕ್ಟರಿಗೆ ಚೀಟಿ ಬರೆಯುತ್ತೇನೆ: ರೆಟಿನಾದ ಹಂತ ಇಂಥದ್ದು, ಕ್ರಿಯಾಟಿನಿನ್ ನೋಡಿ, ಫೆನೊಫೈಬ್ರೇಟ್ ಯೋಚಿಸಿ, ಮುಂದಿನ ಕಣ್ಣಿನ ತಪಾಸಣೆ ಆರು ತಿಂಗಳಿಗೆ.