ನಲವತ್ತು ಸಾವಿರ ಓಟು ಎಲ್ಲಿಗೆ ಹೋಗುತ್ತೆ? ತೀರ್ಥಹಳ್ಳಿ ಕ್ಷೇತ್ರದ ಲೆಕ್ಕ ನಾನು ಹಾಕಿದ ಬಗೆ

2023ರ ಚುನಾವಣೆಗೆ ಮುಂಚೆ ತೀರ್ಥಹಳ್ಳಿಯಲ್ಲಿ ಯಾರನ್ನು ಕೇಳಿದರೂ ಒಂದೇ ಲೆಕ್ಕ ಹೇಳುತ್ತಿದ್ದರು. 2018ರಲ್ಲಿ ಬಿಜೆಪಿಯ ಆರಗ ಜ್ಞಾನೇಂದ್ರರಿಗೆ 67 ಸಾವಿರ ಚಿಲ್ಲರೆ. ಕಾಂಗ್ರೆಸ್ಸಿನ ಕಿಮ್ಮನೆ ರತ್ನಾಕರರಿಗೆ 45 ಸಾವಿರ ಚಿಲ್ಲರೆ. ಜೆಡಿಎಸ್‌ನಿಂದ ನಿಂತಿದ್ದ ಆರ್.ಎಂ. ಮಂಜುನಾಥ ಗೌಡರಿಗೆ 40 ಸಾವಿರ ಚಿಲ್ಲರೆ. ಈಗ ಗೌಡರೇ ಕಾಂಗ್ರೆಸ್ಸಿಗೆ ಬಂದಿದ್ದಾರೆ, 45ಕ್ಕೆ 40 ಸೇರಿಸಿ, 85 ಆಯ್ತು, ಇನ್ನೇನು ಬೇಕು? ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಬಿಲ್ಲಿನ ಹಿಂದೆ ಬರೆದು ತೋರಿಸುತ್ತಿದ್ದರು.

ಈ ಕೂಡುವ ಲೆಕ್ಕ ನನಗೆ ಮೊದಲಿಂದ ಹಿಡಿಸಿರಲಿಲ್ಲ. ನಾನು ಯಾವ ಪಕ್ಷದವನೂ ಅಲ್ಲ. ಸ್ವಲ್ಪ ಅಡಿಕೆ ತೋಟ ಇದೆ, ಉಳಿದ ಹೊತ್ತು ಅಂಗಡಿಗಳ ಲೆಕ್ಕ ಬರೆದುಕೊಡುತ್ತೇನೆ. ಅಂಕಿಗಳ ಜೊತೆ ದಿನಾ ಒದ್ದಾಡುವವನಿಗೆ ಚುನಾವಣೆ ಬಂದರೆ ಸುಮ್ನೆ ಕೂರೋಕಾಗಲ್ಲ, ಅಷ್ಟೇ.

ನಾನು ಪ್ರಶ್ನೆಯನ್ನೇ ತಿರುಗಿಸಿ ಹಾಕಿದೆ. ಆ 40 ಸಾವಿರದಲ್ಲಿ ಎಷ್ಟು ಬಂದರೆ ಕಾಂಗ್ರೆಸ್ ಗೆಲ್ಲುತ್ತೆ? ಒಂದು ಭಾಗ ಕಾಂಗ್ರೆಸ್ಸಿಗೆ ಹೋಗಿ ಉಳಿದದ್ದು ಬಿಜೆಪಿಗೆ ಹೋದರೆ ಇಬ್ಬರೂ ಸಮ ಆಗುವುದು ಎಲ್ಲಿ ಅಂತ ನೋಡಿದರೆ, ಶೇ 77ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂದರೆ 40ರಲ್ಲಿ 31 ಬರಲೇಬೇಕು. ಮೂವತ್ತು ಬಂದರೂ ಸಾಲದು. ಇಷ್ಟು ಬರೆದುಕೊಂಡ ಮೇಲೆ ನನ್ನ ಕೆಲಸ ಒಂದೇ ಉಳಿಯಿತು, ಆ 31 ಬರುತ್ತಾ ಇಲ್ವಾ ಅಂತ ನೋಡೋದು.

ಇದಕ್ಕೆ ಮೊದಲು ಬೇಕಾಗುವುದು ನಮೂನೆ 20. ಚುನಾವಣೆ ಮುಗಿದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಚುನಾವಣಾಧಿಕಾರಿ ತಯಾರಿಸುವ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಹಳೆಯವು ಸ್ಕ್ಯಾನ್ ಮಾಡಿ ಹಾಕಿದ್ದು, ಕೆಲವು ಪುಟ ಓರೆ, ಕೆಲವು ಕಡೆ 3 ಯಾವುದು 8 ಯಾವುದು ಗೊತ್ತಾಗಲ್ಲ. ಕೂತು ಎಕ್ಸೆಲ್‌ಗೆ ಟೈಪ್ ಮಾಡಿದೆ. ಪ್ರತಿ ಸಾಲಿನ ಮೊತ್ತ ತಾಳೆ ಆಗುತ್ತಾ ಅಂತ ನೋಡಿಕೊಂಡರೆ ಇಂಥ ಎಡವಟ್ಟುಗಳು ಅಲ್ಲಲ್ಲೇ ಸಿಕ್ಕಿಬೀಳುತ್ತವೆ.

ಟೈಪ್ ಮಾಡೋದು ಬೇಸರದ ಕೆಲಸ, ಕಷ್ಟದ ಕೆಲಸ ಅದರ ನಂತರ ಬರುತ್ತೆ. ಬೂತ್ ಸಂಖ್ಯೆ ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಬದಲಾಗುತ್ತಾ ಇರುತ್ತೆ. ಮತದಾರರು ಜಾಸ್ತಿ ಆದರೆ ಒಂದು ಬೂತ್ ಎರಡಾಗುತ್ತದೆ, ಅದರ ಮುಂದಿನ ನಂಬರೆಲ್ಲ ಒಂದೊಂದು ಜರುಗುತ್ತವೆ. ಹಾಗಾಗಿ ನಂಬರ್ ನೋಡಿ ಹೊಂದಿಸಬಾರದು, ಶಾಲೆಯ ಹೆಸರು ನೋಡಿ ಹೊಂದಿಸಬೇಕು. ಅದರಲ್ಲೂ ‘ಪೂರ್ವ ಭಾಗ’, ‘ಪಶ್ಚಿಮ ಭಾಗ’ ಅಂತ ಇರುತ್ತೆ, ಒಂದೇ ಶಾಲೆಯ ಎರಡು ಕೊಠಡಿ. ಮಕ್ಕಳಿಲ್ಲದೆ ಶಾಲೆ ಮುಚ್ಚಿ, ಬೂತ್ ಪಕ್ಕದ ಅಂಗನವಾಡಿಗೆ ಹೋಗಿರುವುದೂ ಇದೆ. 2008ಕ್ಕಿಂತ ಹಿಂದೆ ಹೋಗಲು ನಾನು ಪ್ರಯತ್ನ ಪಡಲೇ ಇಲ್ಲ. ಆ ವರ್ಷ ಕ್ಷೇತ್ರ ಮರುವಿಂಗಡಣೆ ಆಗಿ ಹೊಸನಗರ ಕ್ಷೇತ್ರವೇ ಇಲ್ಲವಾಯಿತು, ತಾಲ್ಲೂಕಿನ ಒಂದು ಪಾಲು ಸಾಗರಕ್ಕೆ, ಒಂದು ಪಾಲು ತೀರ್ಥಹಳ್ಳಿಗೆ ಬಂತು. ಹಳೆ ತೀರ್ಥಹಳ್ಳಿ ಬೇರೆ, ಈಗಿನದು ಬೇರೆ.

ಬೂತ್ ಹೊಂದಿದ ಮೇಲೆ ಜಾತಿ ಲೆಕ್ಕಕ್ಕೆ ಬರೋಣ. ಎಲ್ಲರೂ ಕೇಳೋದು ಅದನ್ನೇ ಅಲ್ವಾ.

ಒಂದು ತಮಾಷೆ ಹೇಳುತ್ತೇನೆ. ಪ್ರತಿ ಸಮುದಾಯದ ಮುಖಂಡರ ಹತ್ತಿರವೂ ‘ನಮ್ಮವರು ಇಷ್ಟು ಸಾವಿರ’ ಅನ್ನೋ ಅಂಕಿ ಇರುತ್ತೆ. ಒಕ್ಕಲಿಗರು, ಈಡಿಗರು, ಬ್ರಾಹ್ಮಣರು, ಲಿಂಗಾಯತರು, ಮುಸ್ಲಿಮರು, ಪರಿಶಿಷ್ಟರು, ಎಲ್ಲರದ್ದೂ ಕೇಳಿ ಬರೆದು ಕೂಡಿಸಿ ನೋಡಿ. ಕ್ಷೇತ್ರದ ಮತದಾರರ ಪಟ್ಟಿ ಎರಡು ಲಕ್ಷ ಮುಟ್ಟಿಲ್ಲ, ಈ ಮೊತ್ತ ಅದನ್ನು ಆರಾಮಾಗಿ ದಾಟಿ ಹೋಗುತ್ತೆ. ಟಿವಿಯಲ್ಲಿ ಬರುವ ಜಾತಿ ಪಟ್ಟಿಗಳೂ ಹೆಚ್ಚಿನವು ಇಂಥವೇ. ಜನಗಣತಿಯಲ್ಲಿ ಊರುವಾರು ಸಿಗೋದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಲೆಕ್ಕ ಮಾತ್ರ. ಎಲ್ಲ ಜಾತಿ ಎಣಿಸಿದ ಕೊನೆಯ ಪೂರ್ತಿ ಗಣತಿ 1931ರದ್ದು. ಕರ್ನಾಟಕ 2015ರಲ್ಲಿ ಮಾಡಿದ ಸಮೀಕ್ಷೆ ನಾನು ಲೆಕ್ಕ ಹಾಕುವ ಹೊತ್ತಿಗೆ ಹೊರಗೆ ಬಂದಿರಲಿಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರು ನೋಡಿ ಜಾತಿ ಹೇಳುತ್ತೇನೆ ಅನ್ನುವವರಿದ್ದಾರೆ. ಮಲೆನಾಡಲ್ಲಿ ಅದು ನಡೆಯಲ್ಲ. ಹೆಗ್ಡೆ ಅಂತಿದ್ದರೆ ಬ್ರಾಹ್ಮಣರಿರಬಹುದು, ಬಂಟರಿರಬಹುದು, ಜೈನರಿರಬಹುದು. ನಾಯ್ಕ ಅಂದರೆ ಈಡಿಗರೂ ಆಗಬಹುದು, ಲಂಬಾಣಿಗರೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ ಅರ್ಧಕ್ಕರ್ಧ ಹೆಸರಿಗೆ ಬಾಲವೇ ಇರಲ್ಲ. ಸುರೇಶ, ತಂದೆ ತಿಮ್ಮಪ್ಪ, ಮನೆ ನಂಬರ್ ಇಷ್ಟು. ಏನು ಹೇಳ್ತೀರಿ ಇದರಲ್ಲಿ?

ಬಯಲುಸೀಮೆಯಲ್ಲಿ ಊರು ಅಂದರೆ ಒತ್ತಾಗಿರುತ್ತೆ, ಒಂದು ಬೂತಿಗೆ ಎರಡು ಮೂರು ಕೇರಿ. ನಮ್ಮಲ್ಲಿ ಒಂದು ಬೂತ್ ಅಂದರೆ ಗುಡ್ಡದ ಆ ಮಗ್ಗುಲ ನಾಲ್ಕು ಮನೆ, ಹಳ್ಳದ ಈಚೆ ಏಳು ಮನೆ, ಕಾಲೊನಿ ಒಂದು, ದೂರದಲ್ಲಿ ಒಂಟಿ ಮನೆ. ಎಲ್ಲ ಕಲಸಿರುತ್ತೆ. ಆದ್ದರಿಂದ ನಾನು ಹಿಡಿದ ದಾರಿ ಬೇರೆ. ಇಡೀ ಕ್ಷೇತ್ರದ ಜಾತಿ ಎಣಿಸಲು ಹೋಗಲಿಲ್ಲ. ಒಂದೇ ಸಮುದಾಯದವರು ಮುಕ್ಕಾಲು ಪಾಲು ಇರುವ ಬೂತ್‌ಗಳು ಕೆಲವಾದರೂ ಇದ್ದೇ ಇರುತ್ತವೆ, ಅಂಚೆಯವರು, ಹಾಲಿನ ಡೇರಿಯವರು, ಸೊಸೈಟಿ ಗುಮಾಸ್ತರು ಇವನ್ನು ಕಣ್ಣು ಮುಚ್ಚಿ ಹೇಳುತ್ತಾರೆ. ಅಂಥವನ್ನು ಆರಿಸಿಕೊಂಡು ಅಲ್ಲಿ 2013, 2018ರಲ್ಲಿ ಏನಾಯ್ತು ಅಂತ ನೋಡಿದೆ. ಉಳಿದವು ಮಿಶ್ರ ಬೂತ್ ಅಂತ ಬೇರೆ ಇಟ್ಟೆ.

ಇಲ್ಲಿ 2013 ಬಹಳ ಮುಖ್ಯ. ಆ ಸಲ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ದರು, ಮಂಜುನಾಥ ಗೌಡರು ತೀರ್ಥಹಳ್ಳಿಯಲ್ಲಿ ಅದೇ ಪಕ್ಷದಿಂದ ನಿಂತಿದ್ದರು. ಗೆದ್ದ ಕಿಮ್ಮನೆಯವರಿಗೆ ಬಂದದ್ದೇ 37 ಸಾವಿರ ಚಿಲ್ಲರೆ, ಗೌಡರು ಎರಡು ಸಾವಿರದೊಳಗೆ ಸೋತರು. ಗೌಡರ ಹಿಂದೆ ಬರುವ ಓಟಿನಲ್ಲಿ ಎರಡು ಥರ ಇದೆ ಅನ್ನೋದು ನನಗೆ ಕಂಡದ್ದು 2013 ಮತ್ತು 2018ನ್ನು ಬೂತ್‌ಗೆ ಬೂತ್ ಪಕ್ಕಪಕ್ಕ ಇಟ್ಟಾಗ. ಒಂದು, ಚಿಹ್ನೆ ಯಾವುದಾದರೂ ಸರಿ ಗೌಡರಿಗೇ ಹಾಕುವವರು. ಅವರು ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕಿನ ಅಧ್ಯಕ್ಷರಾಗಿದ್ದವರು, ಸೊಸೈಟಿ ಸೊಸೈಟಿಗೂ ನಂಟು. ಎರಡು, ಕಾಂಗ್ರೆಸ್ ಬೇಡ, ಆರಗರ ಮೇಲೂ ಸಿಟ್ಟು, ಹಾಗಾಗಿ ಮೂರನೆಯವರಿಗೆ ಒತ್ತಿದವರು. ಕಾಂಗ್ರೆಸ್ಸಿನ ಅಭ್ಯರ್ಥಿ ಮತ್ತೆ ಕಿಮ್ಮನೆಯವರೇ ಆದರೂ, ಮೊದಲ ಥರದವರು ಗೌಡರ ಜೊತೆ ಕಾಂಗ್ರೆಸ್ಸಿಗೆ ಬರುತ್ತಾರೆ. ಎರಡನೆಯವರಿಗೆ ಮೂರನೆಯ ಬಾಗಿಲೇ ಮುಚ್ಚಿದೆ, ಅವರಲ್ಲಿ ಬಹಳ ಜನ ಹಳೆ ಮನೆಗೆ, ಅಂದರೆ ಬಿಜೆಪಿಗೆ, ವಾಪಸ್ ಹೋಗುತ್ತಾರೆ.

ಇದು ಕಾಗದದ ಮೇಲಿನ ಮಾತು. ನಿಜ ಹೌದಾ ಅಂತ ನೋಡಲು ಊರಿಗೆ ಹೋಗಬೇಕು. ಗೌಡರಿಗೆ ಹೋದ ಸಲ ಜಾಸ್ತಿ ಬಿದ್ದ ಬೂತ್‌ಗಳನ್ನು ಮಾತ್ರ ಆರಿಸಿಕೊಂಡೆ, ಎಲ್ಲ ಕಡೆ ಸುತ್ತುವ ಅಗತ್ಯ ಇರಲಿಲ್ಲ. ಬಿಜೆಪಿಯದು ಬಿಜೆಪಿಗೇ, ಕಾಂಗ್ರೆಸ್ಸಿನದು ಕಾಂಗ್ರೆಸ್ಸಿಗೇ ಹೆಚ್ಚುಕಮ್ಮಿ ಉಳಿಯುತ್ತೆ. ಅಲುಗಾಡುವುದು ಈ 40 ಸಾವಿರ. ಅದನ್ನು ಬಿಟ್ಟು ಬೇರೆ ಕಡೆ ನೂರು ಜನರನ್ನು ಕೇಳಿದರೂ ಪೆಟ್ರೋಲ್ ದಂಡ.

ಕೇಳುವ ಬಗೆಯೂ ಮುಖ್ಯ. ‘ಯಾರಿಗೆ ಹಾಕ್ತೀರಿ’ ಅಂದರೆ ಮಲೆನಾಡಿನವರು ನಕ್ಕು ‘ನೋಡ್ಬೇಕು’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ನಾನು ಕೇಳುತ್ತಿದ್ದದ್ದು ಎರಡು. ಹೋದ ಸಲ ನಿಮ್ಮೂರಲ್ಲಿ ಗೌಡರಿಗೆ ಹಾಕಿದವರು ಈ ಸಲ ಏನು ಮಾಡ್ತಾರೆ? ಪಕ್ಕದ ಮನೆಯವರು ಯಾರ ಕಡೆ? ಬೇರೆಯವರ ಬಗ್ಗೆ ಹೇಳಲು ಯಾರಿಗೂ ಸಂಕೋಚ ಇಲ್ಲ. ಅದರಲ್ಲಿ ತಮ್ಮದೂ ಬಂದುಬಿಡುತ್ತೆ.

ಹೆಂಗಸರ ವಿಷಯ ಬೇರೆಯೇ. ಪಟ್ಟಿಯಲ್ಲಿ ನಮ್ಮಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ, ಓಟಿಗೆ ಬರುವುದರಲ್ಲೂ ಹಿಂದಿಲ್ಲ. ಒಂದು ಮನೆಯಲ್ಲಿ ಜಗಲಿ ಮೇಲೆ ಕೂತು ಯಜಮಾನರು ಎಲೆಚುಕ್ಕಿ ರೋಗದಿಂದ ಹಿಡಿದು ಬಗರ್ ಹುಕುಂ ಅರ್ಜಿಯವರೆಗೆ ಎಲ್ಲ ಹೇಳಿ, ‘ನಮ್ಮನೆ ಆರು ಓಟೂ ಒಂದೇ ಕಡೆ’ ಅಂತ ಗಟ್ಟಿಯಾಗಿ ಹೇಳಿದರು. ಅವರು ಫೋನ್ ಬಂತು ಅಂತ ಸಿಗ್ನಲ್ ಹುಡುಕಿ ಅಂಗಳದ ತುದಿಗೆ ಹೋದರು. ಮಜ್ಜಿಗೆ ಲೋಟ ತಗೊಳ್ಳಲು ಬಂದ ಅವರ ಹೆಂಡತಿ, ‘ಅವ್ರು ಹೇಳಿದ್ದು ಅವ್ರ ಓಟು’ ಅಂದರು. ಗೃಹಲಕ್ಷ್ಮಿಯ ಎರಡು ಸಾವಿರದ ಮಾತು ತೆಗೆದವರೂ ಅವರೇ. ಆಮೇಲೆ ನಾನು ಮನೆಯ ಓಟು ಅಂತ ಬರೆದುಕೊಳ್ಳೋದನ್ನು ಬಿಟ್ಟು ಆಳಿನ ಓಟು ಅಂತ ಬರೆಯತೊಡಗಿದೆ. ಸಾಧ್ಯವಾದ ಕಡೆ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋದೆ, ಅಡಿಗೆ ಮನೆ ಬಾಗಿಲಲ್ಲಿ ಅವಳಿಗೆ ಸಿಕ್ಕ ಉತ್ತರ ನನಗೆ ಜಗಲಿಯಲ್ಲಿ ಸಿಗುತ್ತಿರಲಿಲ್ಲ.

ಇನ್ನೊಂದು ಗುಂಪು ಊರಲ್ಲೇ ಸಿಗಲ್ಲ. ಪಟ್ಟಿಯಲ್ಲಿ ಹೆಸರು ಇಲ್ಲಿ, ಕೆಲಸ ಬೆಂಗಳೂರಲ್ಲಿ. 2018ರಲ್ಲಿ ಮತದಾನ ಶನಿವಾರ ಇತ್ತು, 2023ರಲ್ಲಿ ಮೇ 10, ಬುಧವಾರ. ವಾರದ ನಡುವೆ ಬರುತ್ತಾರಾ? ಅವರ ಅಪ್ಪ ಅಮ್ಮನನ್ನೇ ಕೇಳಿದೆ. ಬಸ್ ಬುಕ್ ಆಗಿದೆಯಾ ಅಂತ ಕೇಳಿದರೆ ಸಾಕು, ಬೇರೆ ಪ್ರಶ್ನೆ ಬೇಕಿಲ್ಲ.

ಬರುವವರು ಎಷ್ಟು ಅನ್ನೋದು ಸಣ್ಣ ವಿಷಯ ಅಲ್ಲ. ಶಿವಮೊಗ್ಗ ಲೋಕಸಭಾ ಕ್ಷೇತ್ರವನ್ನೇ ನೋಡಿ. 2018ರ ನವೆಂಬರ್ ಉಪಚುನಾವಣೆಯಲ್ಲಿ ಬಿ.ವೈ. ರಾಘವೇಂದ್ರ, ಮಧು ಬಂಗಾರಪ್ಪನವರ ವಿರುದ್ಧ 52 ಸಾವಿರ ಚಿಲ್ಲರೆಯಿಂದ ಗೆದ್ದರು. ಆರು ತಿಂಗಳೂ ಆಗಿರಲಿಲ್ಲ, 2019ರ ಏಪ್ರಿಲ್‌ನಲ್ಲಿ ಅದೇ ಇಬ್ಬರು ಮತ್ತೆ ಎದುರು ಬದರು. ಅಂತರ 2.23 ಲಕ್ಷ. ಜನ ಅದೇ, ಜಾತಿ ಅದೇ, ಅಭ್ಯರ್ಥಿಗಳೂ ಅವರೇ. ಬದಲಾದದ್ದು ಬೂತಿಗೆ ಬಂದವರ ಸಂಖ್ಯೆ ಮತ್ತೆ ದಿಲ್ಲಿಯ ಚುನಾವಣೆ ಅನ್ನೋ ಗಾಳಿ. ಜಾತಿ ಪಟ್ಟಿ ಹಿಡಿದು ಫಲಿತಾಂಶ ಹೇಳುವವರು ಇದಕ್ಕೆ ಏನು ಉತ್ತರ ಕೊಡುತ್ತಾರೋ ಕೇಳಬೇಕು. ಹಾಗಾಗಿ ನಾನು ಲೋಕಸಭೆಯ ಅಂಕಿಗಳನ್ನು ವಿಧಾನಸಭೆಯ ಲೆಕ್ಕಕ್ಕೆ ಬೆರೆಸುವುದೇ ಇಲ್ಲ.

ಎಲ್ಲ ಬರೆದುಕೊಂಡ ಮೇಲೆ, ಗೌಡರ ಹಳೆ ಓಟಿನಲ್ಲಿ ಹತ್ತಕ್ಕೆ ಆರರಿಂದ ಏಳು ಕಾಂಗ್ರೆಸ್ಸಿಗೆ ಬರುತ್ತೆ ಅಂತ ಕಂಡಿತು. ಎಂಟರ ಹತ್ತಿರ ಎಲ್ಲೂ ಹೋಗಲಿಲ್ಲ. ಹತ್ತಕ್ಕೆ ಏಳು ಆದರೆ ಬಿಜೆಪಿ ಸುಮಾರು 6 ಸಾವಿರ ಮುಂದೆ, ಆರು ಆದರೆ ಸುಮಾರು 14 ಸಾವಿರ ಮುಂದೆ. ಒಂದೇ ಅಂಕಿ ಹೇಳಿ ಅಂತ ಗೆಳೆಯರು ಗಂಟುಬಿದ್ದರು. ನಾನು ಹೇಳಲಿಲ್ಲ. ನನ್ನ ಹತ್ತಿರ ಇದ್ದ ಮಾಹಿತಿ ಅಷ್ಟು ಸೂಕ್ಷ್ಮದ್ದಲ್ಲ. 6ರಿಂದ 14 ಅಂತ ಚೀಟಿ ಬರೆದು ಗೆಳೆಯರೊಬ್ಬರ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹಾಕಿದೆ. ಎಲ್ಲೂ ಪ್ರಕಟಿಸಲಿಲ್ಲ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಸಮೀಕ್ಷೆ ಪ್ರಕಟಿಸುವಂತಿಲ್ಲ, ಮತಗಟ್ಟೆ ಸಮೀಕ್ಷೆಯಂತೂ ಮತದಾನ ಮುಗಿದು ಅರ್ಧ ಗಂಟೆ ಆಗೋವರೆಗೂ ಅಪರಾಧ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರಿಗೂ ಇದು ಗೊತ್ತಿರಲಿ.

ಮೇ 13ರ ಎಣಿಕೆ ದಿನದ್ದೂ ಒಂದು ಉಪಾಯ ಇದೆ. ಸಾಮಾನ್ಯವಾಗಿ 14 ಟೇಬಲ್, ಒಂದು ಸುತ್ತಿಗೆ ಹದಿನಾಲ್ಕು ಬೂತ್, ಬೂತ್ ಸಂಖ್ಯೆಯ ಕ್ರಮದಲ್ಲೇ ಬರುತ್ತವೆ. ಅಂದರೆ ಮೊದಲ ಸುತ್ತುಗಳು ಒಂದೇ ಸೀಮೆಯವು. ಅಲ್ಲಿ ಯಾರು ಮುಂದಿದ್ದಾರೆ ಅನ್ನೋದಕ್ಕೆ ಅರ್ಥವೇ ಇಲ್ಲ, ಟಿವಿಯವರು ಮುನ್ನಡೆ ಹಿನ್ನಡೆ ಅಂತ ಕೂಗಿಕೊಳ್ಳಲಿ ಬಿಡಿ. ಅದೇ ಬೂತ್‌ಗಳಲ್ಲಿ ಹೋದ ಸಲ ಮೂವರಿಗೂ ಎಷ್ಟಿತ್ತು, ಈ ಸಲ ಎಷ್ಟಾಯ್ತು, ಅದನ್ನು ನೋಡಬೇಕು. ನನ್ನ ಎಕ್ಸೆಲ್‌ನಲ್ಲಿ ಸುತ್ತುವಾರು ಹಳೆ ಮೊತ್ತ ಮೊದಲೇ ಹಾಕಿಟ್ಟಿದ್ದೆ. ಮೂರ್ನಾಲ್ಕು ಸುತ್ತು ಮುಗಿಯುವಾಗ ಗೌಡರ ಓಟು ಒಡೆದಿರುವ ಬಗೆ ಕಂಡಿತು, ಚೀಟಿಯೊಳಗೇ ಇರುತ್ತೆ ಅನ್ನಿಸಿತು. ಕೊನೆಗೆ ಜ್ಞಾನೇಂದ್ರರಿಗೆ 84 ಸಾವಿರ ಚಿಲ್ಲರೆ, ಕಿಮ್ಮನೆಯವರಿಗೆ 72 ಸಾವಿರ ಚಿಲ್ಲರೆ. ಅಂತರ 12 ಸಾವಿರ ದಾಟಿತು. ಎರಡೂ ಕಡೆಗೆ ಹೊಸದಾಗಿ ಸೇರಿದ ಓಟು ನೋಡಿದರೆ ಹತ್ತಕ್ಕೆ ಆರು ಕಾಂಗ್ರೆಸ್ಸಿಗೆ, ನಾಲ್ಕು ಬಿಜೆಪಿಗೆ. ಇದರಲ್ಲಿ ಹೊಸ ಮತದಾರರೂ ಸೇರಿದ್ದಾರೆ, ಹಾಗಾಗಿ ಎಲ್ಲ ಗೌಡರದ್ದೇ ಅನ್ನುವಂತಿಲ್ಲ.

ಈ ಕೆಲಸದಲ್ಲಿ ನನಗೆ ಇರುಸುಮುರುಸು ಆಗುವ ಒಂದು ವಿಷಯ ಇದೆ. ನಮ್ಮ ಕಡೆ ಕೆಲವು ಬೂತ್‌ಗಳು ಬಹಳ ಚಿಕ್ಕವು. ಬೂತ್‌ವಾರು ಅಂಕಿ ಹೊರಗೆ ಬಂದರೆ ಯಾವ ಮನೆಯವರು ಯಾರಿಗೆ ಹಾಕಿದರು ಅಂತ ಊರವರೇ ಬೆರಳೆಣಿಸಿ ಹೇಳಿಬಿಡುತ್ತಾರೆ. ನಮೂನೆ 20 ಕೈಯಲ್ಲಿ ಹಿಡಿದು ‘ನಿಮ್ಮೂರಲ್ಲಿ ಯಾಕೆ ಇಷ್ಟೇ’ ಅಂತ ರಸ್ತೆ ಕೇಳಲು ಬಂದವರಿಗೆ ದಬಾಯಿಸಿದ್ದನ್ನು ನಾನೇ ನೋಡಿದ್ದೇನೆ. ಹಲವು ಬೂತ್‌ಗಳ ಮತ ಒಟ್ಟಿಗೆ ಎಣಿಸುವ ಟೋಟಲೈಸರ್ ಯಂತ್ರ ತರಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಬಂದಿಲ್ಲ. ಬಂದರೆ ನನ್ನಂಥವರ ಹವ್ಯಾಸಕ್ಕೆ ಕಲ್ಲು ಬೀಳುತ್ತೆ, ಆದರೂ ಬರಲಿ ಅನ್ನುವವನು ನಾನು. ಅಲ್ಲಿಯವರೆಗೆ ಚಿಕ್ಕ ಬೂತ್‌ಗಳನ್ನು ನಾಲ್ಕೈದು ಸೇರಿಸಿಯೇ ಇಡುತ್ತೇನೆ, ಬಿಡಿಯಾಗಿ ಯಾರಿಗೂ ತೋರಿಸಲ್ಲ. ಪಕ್ಷದವರು ಬಂದು ಕೇಳಿದ್ದಾರೆ. ಕೊಟ್ಟಿಲ್ಲ.

2028ಕ್ಕೆ ಈಗಲೇ ಸಣ್ಣ ತಯಾರಿ ನಡೆದಿದೆ. ಒಂದು ಬೂತಿಗೆ 1,500 ಮತದಾರರ ಮಿತಿ ಇದ್ದದ್ದನ್ನು ಆಯೋಗ 1,200ಕ್ಕೆ ಇಳಿಸಿದೆ. ಪೇಟೆಯ ಬೂತ್‌ಗಳು ಮತ್ತೆ ಒಡೆಯುತ್ತವೆ, ನಂಬರ್ ಮತ್ತೆ ಜರುಗುತ್ತೆ. ಯಾರಾದರೂ ತಮ್ಮ ಕ್ಷೇತ್ರದ ಲೆಕ್ಕ ಶುರು ಮಾಡುವುದಿದ್ದರೆ ಈಗಿನ ಬೂತ್ ಪಟ್ಟಿಯನ್ನು ಶಾಲೆ, ಕೊಠಡಿ, ಸೇರುವ ಮಜರೆಗಳ ಹೆಸರಿನ ಸಮೇತ ಇಳಿಸಿ ಇಟ್ಟುಕೊಳ್ಳಿ. ಹೊಸ ಪಟ್ಟಿ ಬಂದ ಮೇಲೆ ಹಳೆಯದು ಹುಡುಕಿದರೆ ಸಿಗುವ ಗ್ಯಾರಂಟಿ ಇಲ್ಲ.