ಎಥ್ನೋಗ್ರಫಿ ಪತ್ರಿಕೆ: ನೋಟ್‌ಬುಕ್ಕಿಗೆ ಅರ್ಧದಷ್ಟು ಅಂಕ

ಹಾಸನದಲ್ಲಿ ಎಂ.ಎ. ವಿದ್ಯಾರ್ಥಿಗಳಿಗೆ ಎಥ್ನೋಗ್ರಫಿ (ಜನರ ನಡುವೆ ಹೋಗಿ ನೋಡಿ ಕೇಳಿ ಅವರ ಬದುಕಿನ ಬಗ್ಗೆ ಬರೆಯುವ ಅಧ್ಯಯನ) ಪಾಠ ಮಾಡುವಾಗ ಆಂತರಿಕ ಅಂಕಗಳಲ್ಲಿ ಅರ್ಧವನ್ನು ಕ್ಷೇತ್ರ ಟಿಪ್ಪಣಿಗೇ, ಅಂದರೆ ಹೋದ ಜಾಗದಲ್ಲಿ ಕಂಡು ಕೇಳಿದ್ದನ್ನು ಬರೆದಿಟ್ಟ ನೋಟ್‌ಬುಕ್ಕಿಗೇ, ಇಡುತ್ತೇನೆ. ಎಲ್ಲ ಅಂಕವೂ ಕೊನೆಯ ಪ್ರಬಂಧಕ್ಕೇ ಹೋದರೆ ಕೊನೆಯ ವಾರ ಅಲ್ಲಿಷ್ಟು ಇಲ್ಲಿಷ್ಟು ತಂದು ಜೋಡಿಸುವ ಕೆಲಸ ನಡೆಯುತ್ತದೆ. ವಾರವಾರ ನೋಟ್‌ಬುಕ್ ತೋರಿಸಬೇಕು ಅಂದರೆ ಕದಿಯುವುದೇ ಹೆಚ್ಚು ಶ್ರಮ.

ಓದು ವಾರಕ್ಕೆ 25-30 ಪುಟ, ಅದಕ್ಕಿಂತ ಹೆಚ್ಚು ಕೊಟ್ಟರೆ ಯಾರೂ ಓದುವುದಿಲ್ಲ. ಓದಿದ್ದಕ್ಕೆ ಒಂದು ಪುಟದ ಬರಹ. ಸಾರಾಂಶ ಬೇಡ, ಲೇಖಕರು ಈ ಮಾತನ್ನು ಯಾವ ಆಧಾರದ ಮೇಲೆ ಹೇಳಿದರು ಅನ್ನುವುದನ್ನು ಪುಟಸಂಖ್ಯೆ ಸಮೇತ ಹುಡುಕಬೇಕು. ಇದಕ್ಕೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ‘ದಿ ರಿಮೆಂಬರ್ಡ್ ವಿಲೇಜ್’ (1976) ಚೆನ್ನಾಗಿ ಒದಗುತ್ತದೆ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಮಾಡಿದ ಕೆಲಸ. ವಿಂಗಡಿಸಿಟ್ಟ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಪುಸ್ತಕ ಬಹುಪಾಲು ನೆನಪಿನಿಂದ ಬಂತು. ಅದನ್ನವರು ಮುಚ್ಚಿಡಲಿಲ್ಲ. ಊರಿಗೆ ‘ರಾಂಪುರ’ ಎಂಬ ಬದಲಿ ಹೆಸರಿಟ್ಟರು.

ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಅಂಚಿಗೂ ಒಂದು ಗುರುತು: ‘ಕ’ ಕಂಡದ್ದು, ‘ಕೇ’ ಕೇಳಿದ್ದು, ‘ಓ’ ಓದಿದ್ದು, ‘ಊ’ ಊಹೆ. ದಿನಾಂಕ, ಗಂಟೆ, ಜಾಗ ಮೇಲೆ. ಸ್ಥಳದಲ್ಲಿ ಬರೆದ ತುಂಡುಸಾಲುಗಳನ್ನು ಅದೇ ರಾತ್ರಿ ಬಿಡಿಸಿ ಬರೆಯಬೇಕು. ಒಂದು ಗಂಟೆ ನೋಡಿದ್ದಕ್ಕೆ ಎರಡು ಗಂಟೆಯಾದರೂ ಬೇಕು. ಮಾರನೇ ದಿನಕ್ಕೆ ಬಿಟ್ಟರೆ ಜನ ಆಡಿದ ಮಾತು ಹೋಗಿ ಅದರ ತಾತ್ಪರ್ಯ ಮಾತ್ರ ಉಳಿಯುತ್ತದೆ.

ಹೋಗದೇ ಕಟ್ಟಿ ಬರೆದ ಟಿಪ್ಪಣಿ ಸಿಕ್ಕಿಬೀಳುವುದೂ ಇಲ್ಲೇ. ಬಿತ್ತನೆ ಆಲೂಗೆಡ್ಡೆ ಕೊಳ್ಳಲು ಬಂದ ರೈತ ‘ಬೆಲೆ ಏರಿಳಿತದಿಂದ ಸಂಕಷ್ಟ ಎದುರಿಸುತ್ತಿದ್ದೇವೆ’ ಅಂದನಂತೆ! ಪತ್ರಿಕೆಯ ಭಾಷೆ ಅದು. ‘ಈ ಸಲ ರೇಟು ಕೇಳಂಗೇ ಇಲ್ಲ ಬುಡಿ’ ಅಂತಿದ್ದರೆ ನಂಬಬಹುದಿತ್ತು. ಚೀಲದ ತೂಕ, ಕುಫ್ರಿ ಜ್ಯೋತಿಯೋ ಬೇರೆ ತಳಿಯೋ, ಪಕ್ಕದಲ್ಲಿ ಯಾರು ನಿಂತಿದ್ದರು, ಇಷ್ಟು ಕೇಳಿದರೆ ಹೋಗಿದ್ದರೋ ಇಲ್ಲವೋ ಗೊತ್ತಾಗುತ್ತದೆ.

ಹಾಸನಾಂಬೆ ದರ್ಶನವನ್ನು ವಿಷಯವಾಗಿ ಕೇಳಿದರೆ ನಾನು ಒಪ್ಪುವುದು ಕಡಿಮೆ. ಬಾಗಿಲು ತೆರೆಯುವುದು ದೀಪಾವಳಿ ಆಸುಪಾಸಿನ ಕೆಲವೇ ದಿನ. ಬಿಟ್ಟುಹೋದದ್ದನ್ನು ಮತ್ತೆ ಹೋಗಿ ನೋಡಲಾಗದೆ ಪತ್ರಿಕಾ ವರದಿಗಳಿಂದ ತುಂಬಿಸುತ್ತಾರೆ. ವಾರದ ಸಂತೆ, ಬಸ್‌ಸ್ಟ್ಯಾಂಡು, ಹಾಲಿನ ಡೈರಿ ವಾಸಿ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ತಂದ ಕೃತಿಚೌರ್ಯ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಇದನ್ನೇ ‘ಹತ್ತು ಪರ್ಸೆಂಟ್ ಕಾಪಿ ಹೊಡೆಯಬಹುದು’ ಎಂದು ಓದಿಕೊಳ್ಳುವವರಿದ್ದಾರೆ. ಇಂಗ್ಲಿಷ್ ಪುಸ್ತಕದ ಪ್ಯಾರಾವನ್ನು ಕನ್ನಡಕ್ಕಿಳಿಸಿ ಹೆಸರು ಹೇಳದೆ ಸೇರಿಸಿದರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಆದರೂ ಅದು ಕಳವೇ. ಎಐ ಬರೆದುಕೊಟ್ಟ ‘ಸಂದರ್ಶನ’ಕ್ಕೆ ಸೊನ್ನೆ. ಗೆಳತಿ ಕಂಡದ್ದನ್ನು ಬಳಸಬಹುದು, ಅವಳ ಟಿಪ್ಪಣಿ ಎಂದು ದಿನಾಂಕ ಹಾಕಿ.

ಮಾತಾಡಿಸಿದವರ ಗುರುತು ಮರೆಸಲು ಹೆಸರು ಬದಲಿಸಿದರೆ ಸಾಲದು. ‘ಗೇಟಿನ ಬಳಿ ಎಲೆ ಅಡಿಕೆ ಮಾರುವ ವಿಧವೆ’ ಅಂದರೆ ಈ ಊರಲ್ಲಿ ಯಾರೆಂದು ಎಲ್ಲರಿಗೂ ಗೊತ್ತು. ಜಾಗವನ್ನೋ ಸರಕನ್ನೋ ಬದಲಿಸಿ, ಹಾಗೆ ಬದಲಿಸಿದ್ದೇನೆಂದು ಪ್ರಬಂಧದಲ್ಲಿ ಬರೆಯಬೇಕು. ನಿಜ ಹೆಸರಿನ ಪಟ್ಟಿ ಬೇರೆ ಹಾಳೆಯಲ್ಲಿ, ವಿದ್ಯಾರ್ಥಿಯ ಹತ್ತಿರವೇ ಇರಲಿ. ನನಗೂ ಕೊಡುವುದು ಬೇಡ.